ಅಕ್ಕನ ‘ಬಿಡು’

ಅಕ್ಕನ ಎಡಗಾಲಿಗೆ ಪ್ಲಾಸ್ಟರ್ ಬಿದ್ದದ್ದು ಏಣಿ ಹತ್ತಿಯೂ ಅಲ್ಲ, ಗಾಡಿ ಓಡಿಸಿಯೂ ಅಲ್ಲ. ಅಡುಗೆಮನೆಯ ಹೊಸ್ತಿಲು ಎಡವಿ. ಪಿಕಪ್ಪಿಗೆ ಟ್ರೇಲರ್ ಕಟ್ಟಿಕೊಂಡು ಊರೂರು ತಿರುಗಿದ ಹೆಂಗಸು ಅಂಗೈಯಗಲದ ಹೊಸ್ತಿಲಿಗೆ ಸೋತಳಲ್ಲ ಎಂಬ ಅವಮಾನ ಅವಳಿಗೆ ನೋವಿಗಿಂತ ಹೆಚ್ಚಾಗಿತ್ತು. ಕಾಲು ನೆಲಕ್ಕೆ ಊರಲೇಬಾರದು ಎಂದರು ಡಾಕ್ಟರು. ನೆಲಕ್ಕೆ ಊರುವುದಿಲ್ಲ, ಕ್ಲಚ್ ಮೇಲೆ ಇಡಬಹುದೇ ಎಂದು ಅಕ್ಕ ಕೇಳಿದಳು. ಡಾಕ್ಟರು ತಂಗಿಯ ಮುಖ ನೋಡಿದರು.

ತಂಗಿಗೆ ನಲವತ್ತಾರು ವರ್ಷ. ಆದರೂ ಬೀದಿಗೆಲ್ಲ ಅವಳು ಪುಟ್ಟಿಯೇ. ಅಕ್ಕ ಹಾಗೆ ಕರೆಯುತ್ತಿದ್ದಳು, ಅಕ್ಕ ಕರೆದದ್ದನ್ನು ತಿದ್ದುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಇಬ್ಬರೂ ಸೇರಿ ಅಪ್ಪ ಮಾಡಿಟ್ಟು ಹೋದ ಕುದುರೆ ತೊಟ್ಟಿಲು ನಡೆಸುತ್ತಿದ್ದರು. ನಡುವೆ ಒಂದು ಕಂಬ, ಸುತ್ತಲೂ ಎಂಟು ಮರದ ಕುದುರೆ. ಮಕ್ಕಳನ್ನು ಕೂರಿಸಿ, ಹಿಡಿ ಹಿಡಿದು ಕೈಯಲ್ಲೇ ತಿರುಗಿಸುವುದು. ಬಿಚ್ಚಿದರೆ ಅಷ್ಟೂ ಒಂದು ಟ್ರೇಲರಿನಲ್ಲಿ ಹಿಡಿಯುತ್ತಿತ್ತು. ಶಾಲೆಯವರು, ಮದುವೆಯವರು, ಹುಟ್ಟುಹಬ್ಬದವರು ಯಾರು ಕರೆದರೂ ಹೋಗುತ್ತಿದ್ದರು. ಗಾಡಿ ಓಡಿಸುವುದು, ಬೋಲ್ಟು ಬಿಗಿಯುವುದು, ಜಗಳವಾಡುವುದು ಅಕ್ಕನ ಪಾಲು. ಕುದುರೆಗಳಿಗೆ ಬಣ್ಣ ಹಚ್ಚುವುದು, ಅಳುವ ಮಕ್ಕಳನ್ನು ನಗಿಸುವುದು, ಗಾಡಿಯ ಹಿಂದೆ ನಿಂತು “ಬಾ, ಬಾ, ಇನ್ನೂ ಬಾ” ಎಂದು ಟ್ರೇಲರನ್ನು ಜಾಗಕ್ಕೆ ಕರೆಯುವುದು ಪುಟ್ಟಿಯ ಪಾಲು.

ಅದಕ್ಕಿಂತ ಹೆಚ್ಚಿನದಕ್ಕೆ ಪುಟ್ಟಿ ಕೈ ಹಾಕಿದರೆ ಅಕ್ಕನದು ಒಂದೇ ಮಾತು. ಸ್ಪ್ಯಾನರ್ ಎತ್ತಿಕೊಂಡರೆ, ಬಿಡು, ನಾನು ಮಾಡ್ತೀನಿ. ಫೋನ್ ಎತ್ತಿಕೊಂಡರೆ, ಬಿಡು, ನಾನು ಮಾತಾಡ್ತೀನಿ. ಇದೇನೂ ದರ್ಪದ ಮಾತಲ್ಲ. ಅಮ್ಮ ತೀರಿಕೊಂಡಾಗ ಪುಟ್ಟಿ ಇನ್ನೂ ತೊದಲು ಮಾತಿನವಳು; ಅವಳ ಕೈಗೆ ಏನೂ ಚುಚ್ಚದಿರಲಿ, ಸುಡದಿರಲಿ ಎಂದು ಶುರುವಾದದ್ದು ನಿಲ್ಲುವುದನ್ನೇ ಮರೆತಿತ್ತು. ಪುಟ್ಟಿಯ ಕೈಯೂ ಆ ಪದಕ್ಕೆ ಎಷ್ಟು ಒಗ್ಗಿತ್ತೆಂದರೆ ಅದು ಕಿವಿಗೆ ಬಿದ್ದದ್ದೇ ತಡ, ಹಿಡಿದದ್ದು ಜಾರಿಹೋಗುತ್ತಿತ್ತು. ಹಾಗೆ ಮನೆಯಲ್ಲಿ ಒಡೆದ ಲೋಟಗಳಿಗೆ ಲೆಕ್ಕವಿಲ್ಲ. ಎಂದಾದರೂ ಬೇಕಾದೀತೆಂಬ ಅಕ್ಕನ ಬಲವಂತಕ್ಕೆ ಒಂದು ಕಾಲದಲ್ಲಿ ಡ್ರೈವಿಂಗ್ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. ಆಮೇಲೆ ಸ್ಟಿಯರಿಂಗ್ ಮುಟ್ಟಲು ಬಿಟ್ಟವರು ಯಾರು? ಲೈಸೆನ್ಸು ಗುರುತಿನ ಚೀಟಿಯಾಗಿ ಪರ್ಸಿನಲ್ಲಿ ಹಾಯಾಗಿತ್ತು.

ಪ್ಲಾಸ್ಟರ್ ಬಿದ್ದ ವಾರದಲ್ಲೇ ಅಕ್ಕ ಕುದುರೆಗಳನ್ನು ಮಾರುವ ಮಾತು ತೆಗೆದಳು. ಆಟದ ಸಾಮಾನು ಬಾಡಿಗೆಗೆ ಕೊಡುವ ಗುತ್ತಿಗೆದಾರನೊಬ್ಬ ಬಹಳ ದಿನದಿಂದ ಅವುಗಳ ಮೇಲೆ ಕಣ್ಣಿಟ್ಟಿದ್ದ. ಮೋಟಾರ್ ಕೂರಿಸುತ್ತಾನಂತೆ, ಕುದುರೆಗಳಿಗೆ ಮಿನುಗುವ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾನಂತೆ. ಸೋಮವಾರ ಬಂದು ಒಯ್ಯಲು ಹೇಳಿದ್ದಾಳಂತೆ. ಬಾಡಿಗೆಗೆ ಡ್ರೈವರ್ ಹಿಡಿಯೋಣವೆಂದರೆ ಕೇಳುವವಳಲ್ಲ; ಆ ಪಿಕಪ್ಪನ್ನು ಸ್ವತಃ ಅಪ್ಪನೇ ಎದ್ದು ಬಂದು ಕೇಳಿದ್ದರೂ ಅವಳು ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದಳು.

“ನಾನೊಬ್ಳು ಬಿದ್ರೆ ಎಲ್ಲಾ ನಿಂತುಹೋಗುತ್ತೆ ಅಂತ ಈಗ ಗೊತ್ತಾಯ್ತಲ್ಲ,” ಎಂದಳು ಅಕ್ಕ. “ಇಷ್ಟು ದಿನ ನಡೆದಿದ್ದೇ ದೊಡ್ಡದು.”

ಒಂದೊಂದು ಕುದುರೆಯ ಕಣ್ಣನ್ನೂ ಪುಟ್ಟಿ ಒಂದೆಳೆ ಕುಂಚದಲ್ಲಿ ಬರೆದವಳು. ಅವಕ್ಕೆ ಪ್ಲಾಸ್ಟಿಕ್ ಹಾಳೆಯೆಂದರೇನು? ಬಾಯಿಂದ ಮಾತು ಬಂದಮೇಲೆಯೇ ತಾನು ಮಾತಾಡಿದೆ ಎಂದು ಅವಳಿಗೆ ತಿಳಿದದ್ದು.

“ಶನಿವಾರ ಗುಡ್ಡದ ಶಾಲೆಯವರು ಕರೆದಿದಾರಲ್ಲ. ನಾನು ಓಡಿಸ್ತೀನಿ. ಕುದುರೆಗಳು ಗುಡ್ಡದ ಮೇಲೆ ಮುಟ್ಟಿದ್ರೆ ಮಾರಬಾರದು. ಮುಟ್ಟದಿದ್ರೆ ನಿನ್ನಿಷ್ಟ.”

ಅಕ್ಕನ ತುಟಿ ಅಭ್ಯಾಸಬಲದಿಂದ ಆ ಹಳೇ ಪದಕ್ಕೆ ಸಿದ್ಧವಾಯಿತು. ಆದರೆ ಕಣ್ಣು ಪ್ಲಾಸ್ಟರ್ ಮೇಲೆ ಬಿತ್ತು. ಆಯ್ತು ಎಂದಳು, ಆಗದ ಕೆಲಸಕ್ಕೆ ಒಪ್ಪುವವರ ಧಾಟಿಯಲ್ಲಿ.

ಗೋದಾಮುಗಳ ಹಿಂದಿನ ಖಾಲಿ ಜಾಗದಲ್ಲಿ ಪಾಠ ಶುರುವಾಯಿತು. ಅಕ್ಕ ಪಕ್ಕದ ಸೀಟಿನಲ್ಲಿ ಪ್ಲಾಸ್ಟರ್ ಕಾಲು ಚಾಚಿ, ಊರುಗೋಲನ್ನು ಎದೆಗೊರಗಿಸಿಕೊಂಡು ಕೂತಳು. ಕ್ಲಚ್ ಪೂರ್ತಿ ಒತ್ತು ಎಂದಳು, ಪುಟ್ಟಿ ಒತ್ತಿದಳು. ಫಸ್ಟ್ ಗೇರ್ ಹಾಕು ಎಂದಳು, ಹಾಕಿದಳು. ಈಗ ಮೆಲ್ಲಗೆ ಬಿಡು ಎಂದಳು. ಪುಟ್ಟಿ ಕ್ಲಚ್ಚನ್ನೂ ಬಿಟ್ಟಳು, ಸ್ಟಿಯರಿಂಗನ್ನೂ ಬಿಟ್ಟಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಪಿಕಪ್ಪು ಕಪ್ಪೆಯಂತೆ ಒಮ್ಮೆ ನೆಗೆದು ಸತ್ತಿತು. ಹಿಂದೆ ಟ್ರೇಲರ್ ಕೊಕ್ಕೆಗೆ ಬಡಿದು ದಡಾರೆಂದಿತು. ಮತ್ತೊಮ್ಮೆ ಹಾಗೇ. ಮಗದೊಮ್ಮೆಯೂ ಹಾಗೇ. ನಿನಗೇನು ಬಂದಿರೋದು, ಗಾಡಿ ಓಡುವಾಗ ಯಾರಾದರೂ ಸ್ಟಿಯರಿಂಗ್ ಬಿಡುತ್ತಾರಾ ಎಂದು ಅಕ್ಕ ರೇಗಿದಳು.

“ನೀನೇ ತಾನೇ ಬಿಡು ಅಂದಿದ್ದು,” ಎಂದಳು ಪುಟ್ಟಿ. “ನೀನು ಬಿಡು ಅಂದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ ಅಕ್ಕಾ.”

ಅಕ್ಕ ಅವಳನ್ನು ನೋಡಿದಳು. ಮಡಿಲಲ್ಲಿ ಸುಮ್ಮನೆ ಕೂತಿದ್ದ ಆ ಎರಡು ಕೈಗಳನ್ನು ನೋಡಿದಳು. ಮೊದಲು ನಗು ಬಂತು. ನಕ್ಕು ಮುಗಿಯುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು. ಅದು ನಗುವಿನದೋ ಬೇರೆಯದೋ ಪುಟ್ಟಿಗೆ ತಿಳಿಯಲಿಲ್ಲ. ಅಂದಿನಿಂದ ಪಿಕಪ್ಪಿನೊಳಗೆ ಆ ಪದ ನಿಷೇಧವಾಯಿತು. ಕ್ಲಚ್ಚಿಗೆ ‘ಎತ್ತು’ ಎನ್ನಬೇಕು ಎಂದು ಒಪ್ಪಂದವಾಯಿತು.

ಆದರೆ ಕನ್ನಡದಲ್ಲಿ ಆ ಪದವಿಲ್ಲದೆ ಎಷ್ಟು ಹೊತ್ತು ಮಾತಾಡಬಹುದು, ಒಮ್ಮೆ ಪ್ರಯತ್ನಿಸಿ ನೋಡಿ. ಅವನು ಹಾರ್ನ್ ಹೊಡೀತಾನೆ, ಹೊಡೀಲಿ ಬಿ— ಎಂದು ಅಕ್ಕ ಅರ್ಧಕ್ಕೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಆ ಲಾರಿಗೆ ದಾರಿ ಬಿ—, ದಾರಿ ಕೊಡು. ಕೊನೆಗೆ ಇದು ತನ್ನಿಂದಾಗದು ಎಂದು ಬಾಯಿಗೇ ಬೀಗ ಹಾಕಿದಳು. ಅಲ್ಲಿಂದ ಪಾಠ ಸರಾಗವಾಯಿತು. ಎಂಜಿನ್ನಿನ ದನಿ ದಪ್ಪವಾದಾಗ ಅದು ಭಾರ ಹಿಡಿಯಿತೆಂದು ಪುಟ್ಟಿಗೆ ಅಂಗಾಲಲ್ಲೇ ಗೊತ್ತಾಗತೊಡಗಿತು. ಹಿಂದೆ ಟ್ರೇಲರ್ ಇದ್ದರೆ ಎಲ್ಲವೂ ತಡವಾಗಿ ನಡೆಯುತ್ತದೆ, ಹೊರಡುವುದೂ ನಿಲ್ಲುವುದೂ. ಅವಸರ ಮಾಡುವವರಿಗೆ ಅದು ಸೊಪ್ಪು ಹಾಕುವುದಿಲ್ಲ. ಅವಸರ ಪುಟ್ಟಿಯ ಸ್ವಭಾವದಲ್ಲೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟು ಕುದುರೆಗಳೂ ಹಗ್ಗ ಬಿಗಿಸಿಕೊಂಡು, ಮೂತಿ ಆಕಾಶಕ್ಕೆ ಮಾಡಿ, ಟ್ರೇಲರಿನಲ್ಲಿ ಮಲಗಿದವು. ಪೇಟೆಯ ಬೀದಿಗಳನ್ನು ಸಲೀಸಾಗಿ ದಾಟಿದರು. ತಿರುವುಗಳಲ್ಲಿ ಪುಟ್ಟಿ ಅಗಲವಾಗಿ ಸುತ್ತಿಬಂದಳು, ಹಿಂದಿನ ಚಕ್ರ ಫುಟ್‌ಪಾತಿಗೆ ತಾಗಲಿಲ್ಲ. ಗುಡ್ಡದ ಬುಡ ಬಂದಾಗ ಸೆಕೆಂಡ್ ಗೇರಿಗೆ ಇಳಿಸಿದಳು. ಎಲ್ಲವೂ ಹೀಗೇ ನಡೆದಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ.

ಅರ್ಧ ಏರಿನಲ್ಲಿ ರಸ್ತೆ ರಿಪೇರಿ ನಡೆದಿತ್ತು. ಒಂದೇ ಬದಿ ತೆರೆದಿತ್ತು. ಕೆಂಪು ಬಾವುಟ ಹಿಡಿದ ಕೆಲಸಗಾರ ಕೈ ಅಡ್ಡ ಮಾಡಿ ಇವರನ್ನು ನಿಲ್ಲಿಸಿದ. ಅದೂ ಎಲ್ಲಿ? ಗುಡ್ಡದಲ್ಲೇ ಅತಿ ಕಡಿದಾದ ಕಡೆ. ಬ್ರೇಕ್ ಒತ್ತಿ ಕನ್ನಡಿ ನೋಡಿದರೆ ಹಿಂದೆ ಒಂದು ಬಿಳಿ ಕಾರು ಟ್ರೇಲರಿನ ಬಾಲಕ್ಕೆ ಮುತ್ತಿಡುವಷ್ಟು ಹತ್ತಿರ ಬಂದು ನಿಂತಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಬಸ್ಸು. ಅಕ್ಕನೂ ಕನ್ನಡಿ ನೋಡಿದಳು. ಎರಡೂ ಕೈಯಲ್ಲಿ ಹ್ಯಾಂಡ್ ಬ್ರೇಕ್ ಹಿಡಿದು ಕಟಕಟನೆ ಕೊನೆವರೆಗೆ ಎಳೆದಳು.

ಎದುರಿನ ಗಾಡಿಗಳು ಇಳಿದು ಹೋದವು. ಹಸಿರು ಬಾವುಟ ಎದ್ದಿತು.

ಪುಟ್ಟಿಯ ಕಾಲು ತನ್ನ ಕೆಲಸ ಮರೆಯಲಿಲ್ಲ. ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ಹೋಯಿತು, ಎಡಗಾಲು ಕೂದಲೆಳೆಯಷ್ಟೇ ಎದ್ದಿತು, ಎಂಜಿನ್ ದನಿ ದಪ್ಪವಾಯಿತು, ಬಾನೆಟ್ಟು ತುಸು ಮೇಲೆದ್ದಿತು. ಭಾರ ಹಿಡಿದಿತ್ತು. ಆದರೆ ಗಾಡಿ ಕದಲಲಿಲ್ಲ. ಇನ್ನಷ್ಟು ಒತ್ತಿದಳು, ಪಿಕಪ್ಪಿನ ಮೈಯೆಲ್ಲ ನಡುಗಿತು, ಸುಟ್ಟ ವಾಸನೆ ಬಂತು, ಹಿಂದೆ ಹಾರ್ನುಗಳ ಮೇಳ ಶುರುವಾಯಿತು. ಪಕ್ಕಕ್ಕೆ ನೋಡಿದರೆ ಅಕ್ಕ ಕಣ್ಣು ಮುಚ್ಚಿಕೊಂಡು, ಬೆರಳ ಗೆಣ್ಣು ಬೆಳ್ಳಗಾಗುವಂತೆ ಹ್ಯಾಂಡ್ ಬ್ರೇಕಿಗೆ ಜೋತುಬಿದ್ದಿದ್ದಳು. ಎಂಟು ಕುದುರೆಗಳನ್ನೂ ತಂಗಿಯನ್ನೂ ತಾನೊಬ್ಬಳೇ ಆ ಗುಡ್ಡದ ಮೇಲೆ ಹಿಡಿದು ನಿಲ್ಲಿಸಿದ್ದೇನೆ ಎಂಬಂತೆ.

“ಅಕ್ಕಾ,” ಎಂದಳು ಪುಟ್ಟಿ. “ಬಿಡು.”

ಅಕ್ಕ ಕಣ್ಣು ತೆರೆದಳು.

“ಬಿಡು ಅಕ್ಕಾ. ನಾನು ಹಿಡಿದಿದೀನಿ.”

ಹುಟ್ಟಿದಾಗಿನಿಂದ ಆ ಪದ ಅಕ್ಕನ ಬಾಯಿಂದ ಹೊರಟದ್ದೇ ಹೊರತು ಅವಳ ಕಿವಿಗೆ ಬಂದದ್ದಿಲ್ಲ. ಒಂದು ಗಳಿಗೆ ತಂಗಿಯ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಗುಂಡಿ ಒತ್ತಿ, ಹಿಡಿಯನ್ನು ಪೂರ್ತಿ ಕೆಳಗಿಳಿಸಿ, ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಪಿಕಪ್ಪು ಹಿಂದಕ್ಕೆ ಬೆರಳಗಲವೂ ಜಾರಲಿಲ್ಲ. ಉಸಿರೆಳೆದುಕೊಂಡು ಮುಂದೆ ಸರಿಯಿತು, ಕೊಕ್ಕೆ ಬಿಗಿಯಾಯಿತು, ಟ್ರೇಲರ್ ತೂಗುತ್ತ ಹಿಂದೆ ಬಂತು. ಬಾವುಟದವನನ್ನು ದಾಟುವಾಗ ಪುಟ್ಟಿ ಜೋರಾಗಿ ನಗುತ್ತಿದ್ದಳು. ಬಾವುಟದವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಕುದುರೆಗಳನ್ನು ಕಂಡು ಅವನೂ ನಕ್ಕ.

ಶಾಲೆಯ ಗೇಟು ಇಕ್ಕಟ್ಟಾಗಿತ್ತು, ಟ್ರೇಲರನ್ನು ಹಿಂದಿನಿಂದಲೇ ಒಳಗೆ ನುಗ್ಗಿಸಬೇಕಿತ್ತು. ಅಕ್ಕ ಊರುಗೋಲು ಊರಿ ಹಿಂದೆ ಹೋಗಿ ನಿಂತು, ಬಲಕ್ಕೆ, ಅಲ್ಲಲ್ಲ, ಎಡಕ್ಕೆ ಎಂದು ಕೂಗತೊಡಗಿದಳು. ಹೇಳಿದ್ದೆಲ್ಲ ತಪ್ಪೇ. ಪಾಪ, ಆ ಜಾಗದಲ್ಲಿ ಅವಳು ಎಂದೂ ನಿಂತವಳಲ್ಲ. ಪುಟ್ಟಿಗೆ ಮಾತ್ರ ಟ್ರೇಲರಿನ ಬಾಲ ಯಾವಾಗ ಎತ್ತ ಹೊರಳುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಇಷ್ಟು ವರ್ಷ ಅದರ ಎದುರೇ ನಿಂತು ಕರೆದವಳಲ್ಲವೇ? ಒಂದೇ ಏಟಿಗೆ ಒಳಗೆ ತಂದು ನಿಲ್ಲಿಸಿದಳು. ಹೆಡ್ ಮೇಡಂ ಬಂದು ಅಕ್ಕನಿಗೆ, ಎಷ್ಟು ಚೆನ್ನಾಗಿ ತೋರಿಸಿಕೊಟ್ಟಿರಿ ಎಂದು ಕೈಕುಲುಕಿದರು. ಅಕ್ಕ ಅಲ್ಲಗಳೆಯಲಿಲ್ಲ.

ಇಡೀ ದಿನ ಕುದುರೆಗಳು ಸುತ್ತಿದವು. ಇಳಿದ ಮಕ್ಕಳೇ ಮತ್ತೆ ಸಾಲಿನ ತುದಿಗೆ ಓಡಿಹೋಗಿ ನಿಲ್ಲುತ್ತಿದ್ದರು. ಅಕ್ಕ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಎಲ್ಲರಿಗೂ ಕೇಳುವ ಹಾಗೆ ಗುತ್ತಿಗೆದಾರನಿಗೆ ಫೋನ್ ಮಾಡಿದಳು. ಸೋಮವಾರ ಬರುವ ಕಷ್ಟ ಬೇಡ ಎಂದಳು. ಯಾಕೆ ಎಂದನೇನೋ, ನಮ್ಮ ಡ್ರೈವರು ಒಪ್ಪುತ್ತಿಲ್ಲ ಎಂದಳು. ಪುಟ್ಟಿ ತೊಟ್ಟಿಲಿನ ಹಿಡಿ ತಿರುಗಿಸುತ್ತಿದ್ದವಳು ಅದನ್ನು ಕೇಳಿ, ಕೇಳದವಳಂತೆ ಇನ್ನೂ ಜೋರಾಗಿ ತಿರುಗಿಸಿದಳು.

ಸಂಜೆ ಬಿಸಿಲಲ್ಲಿ ಇಳಿಯುವಾಗ ಪುಟ್ಟಿ ಗೇರನ್ನೇ ನಂಬಿ ನಿಧಾನಕ್ಕೆ ಬಂದಳು. ಗುಡ್ಡ ಮುಗಿಯುವಷ್ಟರಲ್ಲಿ ಪಕ್ಕದಿಂದ ಸಣ್ಣ ಗೊರಕೆ ಕೇಳಿತು. ಅಕ್ಕ ತಲೆಯನ್ನು ಕಿಟಕಿಗೆ ಒರಗಿಸಿ ನಿದ್ದೆ ಹೋಗಿದ್ದಳು. ಓಡುವ ಗಾಡಿಯಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ಪುಟ್ಟಿ ಜನ್ಮದಲ್ಲಿ ಕಂಡಿರಲಿಲ್ಲ. ಮಲಗಿದ ಮುಖ ಎಷ್ಟು ಚಿಕ್ಕದು, ಫೋಟೋದಲ್ಲಿನ ಅಮ್ಮನ ಮುಖದಷ್ಟೇ. ಅವಳಿಗೆ ಅಕ್ಕನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು.

ಮನೆ ಬಂತು. ಎಂಜಿನ್ ಆರಿಸಿದರೆ ಎಚ್ಚರವಾದೀತೆಂದು ಪುಟ್ಟಿ ನಿಲ್ಲಿಸಲಿಲ್ಲ. ಮೂಲೆಯ ಅಂಗಡಿಯ ಹತ್ತಿರ ಅಗಲವಾಗಿ ತಿರುಗಿ, ಹಿಂದಿನ ಬೀದಿ ಹಿಡಿದು, ಮತ್ತೆ ಮನೆ ಮುಂದೆ ಹಾದಳು. ಮತ್ತೊಮ್ಮೆ ಹಾದಳು. ಅಂಗಡಿಯವನು ಹೊರಗೆ ಬಂದು, ದಾರಿ ತಪ್ಪಿತೇ ಎಂದು ಸನ್ನೆಯಲ್ಲೇ ಕೇಳಿದ. ಇಲ್ಲ ಎಂದು ತಲೆಯಾಡಿಸಿದಳು.

“ಎಷ್ಟು ಸುತ್ತು ಹೊಡೀತೀಯೇ?” ಎಂದಳು ಅಕ್ಕ, ಕಣ್ಣು ತೆರೆಯದೆ.

“ಎಚ್ಚರ ಆಯ್ತಾ? ನಿಲ್ಲಿಸ್ತೀನಿ ಇರು.”

ಅಕ್ಕ ಕಿಟಕಿಯ ಕಡೆಗೆ ಇನ್ನಷ್ಟು ಒರಗಿ, ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

“ಇನ್ನೊಂದು ಸುತ್ತು ಹೊಡಿ,” ಎಂದಳು.

ಪುಟ್ಟಿ ಸೆಕೆಂಡ್ ಗೇರ್ ಹಾಕಿ, ಮನೆ ದಾಟಿ ಮುಂದೆ ಹೋದಳು.