ಹಾಲೆಂಡಿನ ಟೊಪ್ಪಿ, ನಾಫಿಯಾಳ ಸ್ಕಾರ್ಫ್

ಹೊಟ್ಟೆ ಉರಿದು ಹೇಳುತ್ತಿದ್ದೇನೆ, ಕೇಳಿ. ದುಬೈಯ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಯೂನಿಫಾರ್ಮ್ ರೂಮು ನೋಡಿಕೊಳ್ಳುವವಳು ನಾನು, ಡೊರೊತಿ. ಮೇಲೆ ನಗುನಗುತ್ತಾ ನಿಲ್ಲುವವರ ಕೋಟಿನ ಗುಂಡಿ, ಕಿತ್ತುಹೋದ ಜಿಪ್ಪು, ಬಿಟ್ಟ ಹೊಲಿಗೆ ಎಲ್ಲವೂ ನನ್ನ ಕೈಯಲ್ಲೇ ಸರಿಯಾಗಬೇಕು. ನನ್ನ ಜೊತೆ ಕೆಲಸಕ್ಕಿದ್ದವಳು ನಾಫಿಯಾ, ಉಳ್ಳಾಲದ ಬ್ಯಾರಿ ಮುಸ್ಲಿಮರ ಹುಡುಗಿ. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು. ಇಂಗ್ಲಿಷ್, ಹಿಂದಿ, ಮಲಯಾಳಂ ಸಲೀಸು. ಅರಬಿಯಲ್ಲಿ ಜಗಳ ಬಿಡಿಸುವಷ್ಟು ಬರುತ್ತದೆ. ಇಂಥವಳು ವರ್ಷಗಟ್ಟಲೆ ನೆಲದಡಿಯಲ್ಲಿ ಕೂತು ಬೆಡ್‌ಶೀಟು ಮಡಚುತ್ತಿದ್ದಳು. ಕಾರಣ ಒಂದೇ, ಅವಳ ತಲೆಯ ಮೇಲಿನ ಸ್ಕಾರ್ಫ್.

ಅವಳಿಗೆ ಬೇಕಿದ್ದದ್ದು ಲಾಬಿಯ ಕೆಲಸ. ಬಂದ ಅತಿಥಿಗಳನ್ನು ಮಾತಾಡಿಸಿ, ಬೇಕು ಬೇಡ ವಿಚಾರಿಸುವ ಗೆಸ್ಟ್ ರಿಲೇಶನ್ಸ್ ಡೆಸ್ಕು. ಆ ಜಾಗ ಖಾಲಿಯಾದಾಗಲೆಲ್ಲ ಕೇಳುತ್ತಿದ್ದಳು. ಫ್ರಂಟ್ ಆಫೀಸ್ ಮ್ಯಾನೇಜರ್ ಲೆಸ್ಟರ್ ಪ್ರತಿ ಸಲವೂ ಅದೇ ರಾಗ ಎಳೆಯುತ್ತಿದ್ದ. "ಗ್ರೂಮಿಂಗ್ ಸ್ಟ್ಯಾಂಡರ್ಡ್ ಉಂಟಲ್ಲ ನಾಫಿಯಾ, ತಲೆ ಮುಚ್ಚಿ ಲಾಬಿಯಲ್ಲಿ ನಿಲ್ಲುವ ಹಾಗಿಲ್ಲ." ಈ ಊರಿನ ಹೆಂಗಸರು ತಲೆ ಮುಚ್ಚಿಕೊಂಡೇ ಬ್ಯಾಂಕು ನಡೆಸುತ್ತಾರೆ, ಕಚೇರಿ ಆಳುತ್ತಾರೆ. ಅವರೇ ನಮ್ಮ ಲಾಬಿಗೆ ಬಂದರೆ ಇದೇ ಲೆಸ್ಟರ್ ಓಡಿ ಹೋಗಿ ಬಾಗಿಲು ಹಿಡಿಯುತ್ತಾನೆ. ಅವನೇನು ಪರದೇಶಿಯಲ್ಲ, ಶಿರ್ವದ ಕಡೆಯ ನಮ್ಮದೇ ಕೊಂಕಣಿ ಹುಡುಗ. ಮೇಲೆ ನನ್ನನ್ನು "ಮಿಸ್ ಡೊರೊತಿ" ಅನ್ನುತ್ತಾನೆ, ಕೆಳಗೆ ಬಂದರೆ "ಆಂಟಿ".

ಈ ಸಲದ ಚಳಿಗಾಲದಲ್ಲಿ ಹೋಟೆಲಿನವರಿಗೆ ಹಾಲೆಂಡ್ ಉತ್ಸವ ಮಾಡುವ ಹುಚ್ಚು ಹತ್ತಿತು. ಚೀಸು, ಟ್ಯೂಲಿಪ್ಪು, ಪ್ಲೈವುಡ್ಡಿನ ಗಾಳಿಗಿರಣಿ. ಲಾಬಿಯ ಗೋಡೆಗೆ ಹಳೇ ಕಾಲದ ಡಚ್ ಹಳ್ಳಿಗಳ ಮುದ್ರಿತ ಚಿತ್ರಗಳು. ಅವನ್ನು ತೂಗುಹಾಕುವ ಮೊದಲು ಲೆಸ್ಟರ್ ನನ್ನ ಟೇಬಲ್ಲಿಗೆ ತಂದ. "ಆಂಟಿ, ಇದನ್ನು ನೋಡಿ ಹುಡುಗಿಯರಿಗೆ ಡ್ರೆಸ್ ಹೊಲಿಯಬೇಕು. ಇದ್ದ ಹಾಗೆಯೇ ಬರಬೇಕು. ಅಥೆಂಟಿಕ್!"

ಚಿತ್ರಗಳು ಚೆಂದವೇ ಇದ್ದವು, ಸುಳ್ಳು ಯಾಕೆ ಹೇಳಲಿ. ಒಂದರಲ್ಲಿ ಹೆಂಗಸೊಬ್ಬಳು ಬೆನ್ನಿಗೆ ಮೀನಿನ ಬುಟ್ಟಿ ಹೊತ್ತು ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದಳು. ಇನ್ನೊಂದರಲ್ಲಿ ಬಾಗಿಲಲ್ಲಿ ಕೂತು ಬಲೆ ನೇಯುವವಳು. ಕೊರಳಿಗೆ ಹವಳದ ಸರ ಹಾಕಿ, ಹೆಗಲ ಮೇಲೆ ನೊಗದಂಥ ಕೋಲಿಟ್ಟು ಹಾಲು ಹೊರುವವಳು. ಪ್ರಾರ್ಥನೆಯ ಪುಸ್ತಕ ಹಿಡಿದು ಇಗರ್ಜಿಗೆ ಹೊರಟ ತಾಯಿ, ಅವಳ ಹಿಂದೆ ಮರದ ಚಪ್ಪಲಿಯ ಮಕ್ಕಳು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಟ್ಟೆ, ಎದೆಯ ಮೇಲೆ ಮಡಚಿ ಸಿಕ್ಕಿಸಿದ ಚೌಕವಸ್ತ್ರ. ತಲೆಗಳಂತೂ ಎಲ್ಲವೂ ಮುಚ್ಚಿದ್ದವು. ಹಣೆಯ ಮೇಲೆ ಇಳಿದ ಒಂದೆರಡು ಕುರುಳು ಬಿಟ್ಟರೆ ಒಬ್ಬಳದ್ದೂ ಕೂದಲು ಕಾಣುತ್ತಿರಲಿಲ್ಲ. ತೊಟ್ಟಿಲ ಮಗುವಿಗೂ ಟೊಪ್ಪಿ.

ನಾಫಿಯಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ನಕ್ಕಳು. "ಆಂಟಿ, ಇವ್ರೆಲ್ಲ ನಮ್ಮ ಉಮ್ಮನ ಹಾಗೆಯೇ ಇದ್ದಾರಲ್ಲ!"

"ನನ್ನ ಅಮ್ಮನ ಹಾಗೆ ಸಹ ಇದ್ದಾರೆ" ಅಂದೆ. ನನ್ನ ಅಮ್ಮ ತಲೆಗೆ ಸೆರಗು ಹಾಕದೆ ಇಗರ್ಜಿಯ ಮೆಟ್ಟಿಲು ಹತ್ತಿದವಳಲ್ಲ. ಲೆಸ್ಟರನ ಅಜ್ಜಿಯೂ ಹತ್ತಿರಲಿಕ್ಕಿಲ್ಲ.

ಕೆಲಸ ಶುರುವಾದ ಮೇಲೆ ತೊಡಕಾದದ್ದು ಟೊಪ್ಪಿ. ಗಂಜಿ ಹಾಕಿದ ಬಿಳಿ ಲೇಸಿನ ಟೊಪ್ಪಿ ಏನೇ ಮಾಡಿದರೂ ತಲೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಚಿತ್ರವನ್ನು ಹತ್ತಿರ ಹಿಡಿದು ನೋಡಿದೆವು. ಲೇಸಿನ ಅಡಿಯಲ್ಲಿ ಕೂದಲನ್ನು ಬಿಗಿಯಾಗಿ ಹಿಡಿದ ಕಪ್ಪು ಒಳಟೊಪ್ಪಿಯೊಂದು ಕಂಡಿತು. "ಓ, ಇಷ್ಟೇನಾ?" ಅಂದ ನಾಫಿಯಾ ಬ್ಯಾಗಿನಿಂದ ತನ್ನ ಇನ್ನರ್ ಕ್ಯಾಪ್ ತೆಗೆದುಕೊಟ್ಟಳು. ಸ್ಕಾರ್ಫಿನ ಅಡಿಗೆ ಹಾಕುವಂಥದ್ದು. ಅದರ ಮೇಲೆ ಲೇಸು ಕೂರಿಸಿದರೆ ಹೇಳಿ ಮಾಡಿಸಿದ ಹಾಗಿತ್ತು. ಅದನ್ನೇ ಅಳತೆಗಿಟ್ಟು ಎಲ್ಲ ಹುಡುಗಿಯರಿಗೂ ಹೊಲಿದೆ. ಫಿಲಿಪ್ಪೀನ್ಸಿನವರು, ಕೇರಳದವರು, ನಮ್ಮ ಕುಂದಾಪುರದ ಫೆಲ್ಸಿ, ಎಲ್ಲರೂ ಬ್ಯಾರಿ ಹುಡುಗಿಯ ಒಳಟೊಪ್ಪಿ ತೊಟ್ಟು ನೋಡಿ ಡಚ್ಚರಾದರು. ಲೆಸ್ಟರ್ ಚಪ್ಪಾಳೆ ತಟ್ಟಿ, "ಎಷ್ಟು ಗ್ರೇಸ್‌ಫುಲ್ ಅಲ್ವಾ ಆಂಟಿ! ಮೊದಲಿನ ಕಾಲದ ಮರ್ಯಾದೆಯೇ ಬೇರೆ" ಅಂದ. ನನ್ನ ಬಾಯಿಯಲ್ಲಿ ಗುಂಡುಸೂಜಿಗಳಿದ್ದವು. ಇಲ್ಲದಿದ್ದರೆ ಅಲ್ಲೇ ಉತ್ತರ ಕೊಡುತ್ತಿದ್ದೆ.

ಉತ್ಸವದ ಮೊದಲ ದಿನವೇ ಫೆಲ್ಸಿ ಜ್ವರ ಬಂದು ಮಲಗಿದಳು. ನಾಫಿಯಾ ನೇರ ಲೆಸ್ಟರನ ಎದುರು ಹೋಗಿ ನಿಂತಳು. "ಸಾರ್, ಈ ಡ್ರೆಸ್ಸಲ್ಲಾದ್ರೆ ನಾನು ನಿಲ್ಬಹುದಲ್ವಾ? ತಲೆ ಹೇಗೂ ಎಲ್ಲರದ್ದೂ ಮುಚ್ಚಿದೆ." ಅವನಿಗೆ ಬೇರೆ ದಾರಿಯಿರಲಿಲ್ಲ. "ಸರಿ, ನಿಲ್ಲು. ಚೆನ್ನಾಗಿ ಮಾಡಿದ್ರೆ ಡೆಸ್ಕಿನ ಪೋಸ್ಟಿಗೆ ನಿನ್ನ ಹೆಸರೇ ಕಳಿಸ್ತೇನೆ." ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಅವಳು ಚೆನ್ನಾಗಿ ಮಾಡಿದಳು ಅಂದರೆ ಸಾಲದು. ಲಾಬಿಯೇ ಅವಳದಾಯಿತು. ಲಗೇಜು ಕಳೆದುಕೊಂಡು ಕೂಗಾಡುತ್ತಿದ್ದ ಮುದುಕನಿಗೆ ಚಹಾ ಕುಡಿಸಿ ನಗಿಸಿದಳು. ಅಬುಧಾಬಿಯಿಂದ ಬಂದ ಅರಬ್ ಕುಟುಂಬದ ಅಜ್ಜಿ ಅವಳ ಕೈ ಹಿಡಿದುಕೊಂಡೇ ಚಿತ್ರಗಳನ್ನೆಲ್ಲ ನೋಡಿದರು. ಹೋಟೆಲಿನ ಫೋಟೋಗ್ರಾಫರು ಎಲ್ಲರನ್ನೂ ಬಿಟ್ಟು ಅವಳ ಹಿಂದೆಯೇ ಸುತ್ತುತ್ತಿದ್ದ. ಸಂಜೆ ಮುಹೈಸ್ನಾದ ನಮ್ಮ ಕ್ವಾರ್ಟರ್ಸಿಗೆ ಹೋಗುವ ಸ್ಟಾಫ್ ಬಸ್ಸಿನಲ್ಲಿ ಕೂತು ಅವಳು ಮಾತಾಡುತ್ತಿದ್ದರೆ ನನಗೆ ನನ್ನ ಮಗಳೇ ಪಾಸಾದಷ್ಟು ಖುಷಿಯಾಗುತ್ತಿತ್ತು.

ಎರಡು ವಾರದ ಉತ್ಸವ ಮುಗಿಯಿತು. ಮರುದಿನ ಬೆಳಿಗ್ಗೆ ಅವಳು ಕಪ್ಪು ಸ್ಕಾರ್ಫನ್ನು ನೀಟಾಗಿ ಪಿನ್ನು ಮಾಡಿ, ಇಸ್ತ್ರಿ ಹಾಕಿದ ಕೋಟು ತೊಟ್ಟು ಮೇಲೆ ಹೋದಳು. ಹೋದ ಹಾಗೆಯೇ ವಾಪಸ್ ಬಂದು ಬೆಡ್‌ಶೀಟಿನ ರಾಶಿಯ ಎದುರು ಕೂತಳು. "ಸ್ಕಾರ್ಫ್ ತೆಗೆದ್ರೆ ಇವತ್ತೇ ಪೋಸ್ಟ್ ಅಂತೆ ಆಂಟಿ" ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲೂ ಇಲ್ಲ.

ನನಗೆ ಮೈಯೆಲ್ಲ ಬೆಂಕಿ ಹತ್ತಿತು. ಲೆಸ್ಟರ್ ಕೋಟಿನ ಗುಂಡಿ ಹಾಕಿಸಿಕೊಳ್ಳಲು ಬಂದಾಗ ಬಾಗಿಲು ಮುಚ್ಚಿದೆ. "ಎರಡು ವಾರ ತಲೆ ಮುಚ್ಚಿ ನಿಂತಾಗ ನಿನ್ನ ಸ್ಟ್ಯಾಂಡರ್ಡು ಎಲ್ಲಿಗೆ ಹೋಗಿತ್ತು?"

"ಅದು ಬೇರೆ ಆಂಟಿ. ಅದು ಕಾಸ್ಟ್ಯೂಮ್, ಹೆರಿಟೇಜ್. ಇದು ಪರ್ಸನಲ್."

"ಎಂತ ಕಾಸ್ಟ್ಯೂಮ್ ಮಾರಾಯ? ಆ ಚಿತ್ರದ ಹೆಂಗಸರು ನಾಟಕಕ್ಕೆ ಹೊರಟದ್ದಾ? ಮೀನು ಮಾರ್ಲಿಕ್ಕೆ ಹೋದದ್ದು, ಇಗರ್ಜಿಗೆ ಹೋದದ್ದು. ಅದು ಅವರ ದಿನದ ಬಟ್ಟೆ. ಇವಳದ್ದು ಸಹ ದಿನದ ಬಟ್ಟೆಯೇ."

"ರೂಲ್ಸ್ ನಾನು ಮಾಡಿದ್ದಲ್ಲ. ಖಲಾಸ್, ಬಿಡಿ" ಅಂದು ಗುಂಡಿಯಿಲ್ಲದ ಕೋಟಿನಲ್ಲೇ ಹೋದ.

ಇಷ್ಟಕ್ಕೇ ನಿಂತಿದ್ದರೆ ಹಾಳಾಗಲಿ ಅನ್ನುತ್ತಿದ್ದೆ. ಡಚ್ ಚಿತ್ರಗಳು ಅತಿಥಿಗಳಿಗೆ ಹಿಡಿಸಿದವೆಂದು ಹೋಟೆಲಿನವರು ಅವನ್ನು ಗೋಡೆಯ ಮೇಲೆ ಉಳಿಸಿಕೊಂಡರು. ಆಮೇಲೊಂದು ದಿನ ನೋಡುತ್ತೇನೆ, ಸಾಲಿನ ಕೊನೆಗೆ ಅದೇ ಚೌಕಟ್ಟಿನಲ್ಲಿ ನಾಫಿಯಾಳ ಫೋಟೋ! ಲೇಸಿನ ಟೊಪ್ಪಿ, ಹವಳದ ಸರ, ಆ ನಗು. ಅಡಿಯಲ್ಲಿ ಇಂಗ್ಲಿಷಿನಲ್ಲಿ, 'ಸಾಂಪ್ರದಾಯಿಕ ಉಡುಪಿನಲ್ಲಿ ಯುವತಿ'. ಹೆಸರಿಲ್ಲ. ಮೀನಿನ ಬುಟ್ಟಿಯವಳಿಗೂ ಹೆಸರಿರಲಿಲ್ಲ, ಹಾಲು ಹೊರುವವಳಿಗೂ ಇರಲಿಲ್ಲ. ಅವರು ಯಾರೆಂದು ಹೇಳುವವರು ಯಾರೂ ಉಳಿದಿಲ್ಲ, ಆಯಿತು. ಇವಳು ಇದೇ ಕಟ್ಟಡದ ಕೆಳಗೆ ಕೂತಿದ್ದಾಳಲ್ಲ!

ನಾನು ಹೇಳುವ ಮೊದಲೇ ಅವಳಿಗೆ ಸುದ್ದಿ ಮುಟ್ಟಿತ್ತು. ಚಹಾದ ಬಿಡುವಿನಲ್ಲಿ ಸರ್ವಿಸ್ ಲಿಫ್ಟು ಬಿಟ್ಟು ಅತಿಥಿಗಳ ಮೆಟ್ಟಿಲಿನಿಂದಲೇ ಹತ್ತಿ ಹೋದಳು. ನಾನು ಹಿಂದೆಯೇ ಓಡಿದೆ. ಅವಳು ಸ್ಕಾರ್ಫಿನಲ್ಲೇ ತನ್ನ ಫೋಟೋದ ಕೆಳಗೆ ಹೋಗಿ ನಿಂತಳು. ಸೋಫಾದಲ್ಲಿ ಕೂತವರು ಒಮ್ಮೆ ಅವಳನ್ನು, ಒಮ್ಮೆ ಗೋಡೆಯನ್ನು ನೋಡತೊಡಗಿದರು.

ಲೆಸ್ಟರ್ ದಡಬಡಿಸಿ ಬಂದ. "ಇಲ್ಲಿ ನಿಲ್ಲುವ ಹಾಗಿಲ್ಲ ನಾಫಿಯಾ, ಕೆಳಗೆ ಹೋಗು."

"ಈ ಫೋಟೋ ಹಾಕುವಾಗ ನನ್ನ ಹತ್ತಿರ ಕೇಳಿದ್ದೀರಾ ಸಾರ್? ಈ ದೇಶದಲ್ಲಿ ಕೇಳದೆ ಒಬ್ಬರ ಫೋಟೋ ಹಾಕಿದ್ರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತುಂಟಲ್ಲ?"

ಇಲ್ಲಿನ ಕಾನೂನಿಗೆ ಹೆದರದವರು ಯಾರು? ಲೆಸ್ಟರ್ ತಕ್ಷಣ ದನಿ ತಗ್ಗಿಸಿದ. "ದೊಡ್ಡದು ಮಾಡ್ಬೇಡ. ನಿನ್ನನ್ನು ಮೇಲೆ ತರಿಸ್ತೇನೆ, ಪ್ರಾಮಿಸ್. ಆ ಟೊಪ್ಪಿಯನ್ನೇ ನಿನ್ನ ಯೂನಿಫಾರ್ಮ್ ಮಾಡುವ. ದಿನಾ ಹಾಕಿಕೊಂಡು ಇಲ್ಲೇ ಡೆಸ್ಕಿನಲ್ಲಿ ನಿಲ್ಲು. ಗೆಸ್ಟುಗಳಿಗೂ ಖುಷಿ, ನಿನ್ನ ತಲೆಯೂ ಮುಚ್ಚಿರ್ತದೆ."

ನಿಜ ಹೇಳುತ್ತೇನೆ, ಹೂಂ ಅನ್ನು ಮಾರಾಯ್ತಿ ಎಂದು ನನ್ನ ಜೀವ ಬಡಿದುಕೊಂಡಿತು. ಅವಳು ಅಷ್ಟು ಆಸೆಪಟ್ಟ ಡೆಸ್ಕು ನಾಲ್ಕು ಹೆಜ್ಜೆ ಆಚೆ ಇತ್ತು. ಅವಳೂ ಒಮ್ಮೆ ಅದರ ಕಡೆ ನೋಡಿದಳು.

"ಸಾರ್, ಈ ಚಿತ್ರದಲ್ಲಿ ಇರುವವರೆಲ್ಲ ಸತ್ತು ಎಷ್ಟೋ ಕಾಲ ಆಯ್ತು" ಅಂದಳು. "ಅದಕ್ಕೇ ಅವರ ಟೊಪ್ಪಿ ನಿಮಗೆ ಚೆಂದ ಕಾಣ್ತದೆ. ನಾನು ಬದುಕಿದ್ದೇನೆ. ನನ್ನ ಸ್ಕಾರ್ಫಿನಲ್ಲಿ ಬೇಡ ಅಂದ್ರೆ ಈ ಫೋಟೋ ಸಹ ಬೇಡ. ಇಳಿಸಿ."

ಲೆಸ್ಟರ್ ಅತ್ತಿತ್ತ ನೋಡಿದ. ಮೇಂಟೆನೆನ್ಸಿನವರನ್ನು ಕರೆಯುವಷ್ಟು ಹೊತ್ತು ಅವಳು ಅಲ್ಲಿ ನಿಲ್ಲುವುದು ಅವನಿಗೆ ಬೇಡವಾಗಿತ್ತು. ಅಷ್ಟು ದೊಡ್ಡ ಮ್ಯಾನೇಜರು ಹೊಳೆಯುವ ಶೂ ಹಾಕಿಕೊಂಡೇ ಸೋಫಾದ ಅಂಚಿಗೆ ಹತ್ತಿ, ಎಲ್ಲರೂ ನೋಡುತ್ತಿರುವಾಗ ಎರಡು ಕೈ ಚಾಚಿ ಚೌಕಟ್ಟು ಎತ್ತಿದ. ಭಾರಕ್ಕೆ ಓಲಾಡಿದ.

"ಒಂಚೂರು ಹಿಡೀರಿ ಆಂಟಿ" ಅಂದ.

ನಾನು ಕೈಕಟ್ಟಿ ನಾಫಿಯಾಳ ಪಕ್ಕಕ್ಕೆ ಹೋಗಿ ನಿಂತೆ.