ಒಬ್ಬರಾದರೂ ಬೇಡ ಅನ್ನಬೇಕು

ಪತ್ರಿಕೆಯ ನಾಲ್ಕನೇ ಪುಟದಲ್ಲಿ ತನ್ನ ಮುಖ ಚೆನ್ನಾಗಿಯೇ ಬಂದಿದೆ ಎಂದು ನಾಳೆಯಣ್ಣನಿಗೆ ಮೊದಲು ಅನ್ನಿಸಿತು. ತಲೆ ಬಾಚಿರಲಿಲ್ಲ, ಅಂಗಿಯ ಜೇಬಿನ ಹತ್ತಿರ ಗ್ರೀಸು ಮೆತ್ತಿತ್ತು, ಆದರೂ ಫೋಟೋದಲ್ಲಿ ಒಂದು ಗಾಂಭೀರ್ಯವಿತ್ತು. ಪತ್ರಿಕೆಯನ್ನು ಅಂಗಡಿಯ ಮೇಜಿನ ಮೇಲೆ ಬಿಡಿಸಿಟ್ಟು ಕನ್ನಡಕ ಹುಡುಕುತ್ತಿದ್ದಾಗ ಹೆಂಡತಿ ಒಳಗಿನಿಂದ ಬಂದು, ಅವನ ಭುಜದ ಮೇಲಿಂದ ಬಗ್ಗಿ, ಫೋಟೋದ ಕೆಳಗಿದ್ದದ್ದನ್ನು ಜೋರಾಗಿ ಓದಿದಳು.

“‘ಇವತ್ತಿನ ಸಾಮಾನು ರಿಪೇರಿ ಮಾಡೋದು ಸತ್ತವರ ಬಾಯಿಗೆ ಔಷಧಿ ಹಾಕಿದ ಹಾಗೆ. ಕೆಟ್ಟರೆ ಹೊಸದು ತಗೊಳ್ಳಿ. ಇದಕ್ಕೊಂದು ಕಾನೂನು ಯಾಕೆ?’ ಅಂತಾರೆ ರಿಪೇರಿ ಅಂಗಡಿಯ ಮಾಲೀಕರು.” ಓದಿ ಮುಗಿಸಿ ಗಂಡನ ಮುಖ ನೋಡಿದಳು. “ಏನ್ರೀ ಇದು?”

“ಪೇಪರ್ ಮೇಡಂ ಬಂದಿದ್ರು.”

“ಬಂದ್ರೆ?”

“ಹೂಂ ಅಂದೆ.”

ಅವನು ಹೂಂ ಅನ್ನದೆ ಇದ್ದದ್ದು ಯಾವಾಗ? ಫ್ಯಾನು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಏನೇ ತಂದುಕೊಟ್ಟರೂ ತಿರುಗಿಸಿ ಮುರುಗಿಸಿ ನೋಡಿ, “ನಾಳೆ ಬನ್ನಿ” ಅನ್ನುತ್ತಿದ್ದ. ಆಗುವುದಕ್ಕೂ ನಾಳೆ, ಆಗದಿರುವುದಕ್ಕೂ ನಾಳೆ. ಆಗುವುದಿಲ್ಲ ಎಂದು ಎದುರಿಗೆ ನಿಂತವರ ಮುಖಕ್ಕೆ ಹೇಳಲು ನಾಲಿಗೆಯೇ ಏಳುತ್ತಿರಲಿಲ್ಲ. ಹಾಗಾಗಿ ಬೀದಿಯ ಬಾಯಲ್ಲಿ ನಾಳೆಯಣ್ಣನಾದ. ನಾಳೆ ಎಂದವನ ಮನೆ ಹಾಳು ಅನ್ನುವ ಗಾದೆಯನ್ನು ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿ ನೋಡಿದ್ದಳು. ಮನೆಯೇನೂ ಹಾಳಾಗಲಿಲ್ಲ, ಉದ್ಧಾರವೂ ಆಗಲಿಲ್ಲ. ಶೆಲ್ಫಿನ ಮೇಲೆ ಊರವರ ಸಾಮಾನು ಮಾತ್ರ ಬೆಳೆಯುತ್ತಾ ಹೋಯಿತು.

ಕೆಲವು ದಿನಗಳಿಂದ ಬೀದಿಯಲ್ಲೆಲ್ಲ ಒಂದೇ ಸುದ್ದಿ. ಕಂಪನಿಗಳು ತಾವು ಮಾರಿದ ಯಂತ್ರಗಳ ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೂ ಕೊಡಬೇಕು, ಬಿಚ್ಚಲಾಗದ ಹಾಗೆ ಅಂಟು ಹಾಕಿ ಮುಚ್ಚಬಾರದು ಎಂದು ಹೊಸ ಕಾನೂನು ಬರುತ್ತದಂತೆ, ಅದಕ್ಕೆ ಸಮಿತಿಯೊಂದು ಜನರ ಅಭಿಪ್ರಾಯ ಕೇಳುತ್ತಿದೆಯಂತೆ. “ಕೋಳಿ ಕೇಳಿ ಮಸಾಲೆ ಅರೀತಾರಾ?” ಎಂದು ಕ್ಷೌರದಂಗಡಿಯವನು ನಕ್ಕ. ಔಷಧಿ ಅಂಗಡಿಯವನು, ಫೋನು ನಮ್ಮ ಮಾತು ಕದ್ದು ಕೇಳುತ್ತದೆ, ಮೊದಲು ಅದಕ್ಕೆ ಕಾನೂನು ತರಲಿ ಅಂದ. “ನಿನ್ನ ಮಾತು ಮನೇಲಿ ಹೆಂಡತೀನೇ ಕೇಳಲ್ಲ, ಫೋನಾದ್ರೂ ಕೇಳಲಿ ಬಿಡು” ಎಂದು ಕ್ಷೌರದವನು ಅವನ ಬಾಯಿ ಮುಚ್ಚಿಸಿದ. ಹೀಗೆ ಒಬ್ಬೊಬ್ಬರದು ಒಂದೊಂದು ರಾಗ. ಆದರೆ ಈ ರಿಪೇರಿ ಕಾನೂನು ಬೇಡ ಅಂದವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ತೊಂದರೆಯಾದದ್ದು ಅಲ್ಲೇ.

ಪೇಪರ್ ಮೇಡಂ ಅನ್ನುವವಳು ‘ಬೀದಿ ಏನನ್ನುತ್ತದೆ?’ ಎಂಬ ಅಂಕಣದವಳು. ತಲೆ ಅರ್ಧ ನೆರೆತ ಹೆಂಗಸು. ದಿನಕ್ಕೊಂದು ಪ್ರಶ್ನೆ ಹಿಡಿದು ಬೀದಿ ಸುತ್ತುವುದು, ಸಿಕ್ಕವರ ಫೋಟೋ ತೆಗೆದು ಎರಡು ಮಾತು ಬರೆದುಕೊಳ್ಳುವುದು ಅವಳ ಕೆಲಸ. ಹಿಂದಿನ ದಿನ ಸಂಜೆ ಅಂಗಡಿಗೆ ಬಂದವಳೇ ಸ್ಟೂಲಿನ ಮೇಲೆ ಕುಸಿದು ಕೂತು ಚಪ್ಪಲಿ ಬಿಟ್ಟಳು.

“ಎಲ್ಲಾರೂ ಬೇಕು ಬೇಕು ಅಂತಾರಣ್ಣ. ಹಾಗೇ ಬರೆದು ಕೊಟ್ರೆ ನಮ್ಮ ಎಡಿಟರ್ ವಾಪಸ್ ಎಸೀತಾರೆ. ಒಬ್ಬರಾದ್ರೂ ಬೇಡ ಅನ್ಬೇಕು. ಅದು ಮೊದಲಿಂದ ಬಂದಿರೋ ಪದ್ಧತಿ.”

“ಯಾರೂ ಸಿಗದಿದ್ರೆ?”

“ಸಿಕ್ಕಿರೋರಲ್ಲೇ ಒಬ್ಬರ ಕಾಲಿಗೆ ಬಿದ್ದು ಬೇಡ ಅನ್ನಿಸ್ತೀನಿ. ಫೋಟೋ ಬರುತ್ತಲ್ಲ, ಒಪ್ತಾರೆ. ಇವತ್ತು ಅದಕ್ಕೂ ಆಗ್ತಿಲ್ಲ.”

ಅವಳ ಪಾದಗಳು ಊದಿಕೊಂಡಿದ್ದವು. ನಾಳೆಯಣ್ಣನಿಗೆ ನೋಡಲಾಗಲಿಲ್ಲ. “ನಾನು ಅಂತೀನಿ ಬಿಡಿ ಮೇಡಂ” ಅಂದುಬಿಟ್ಟ.

ಇಷ್ಟನ್ನು ಈಗ ಹೆಂಡತಿಗೆ ಹೇಳಿದ. ಫೋಟೋದ ಕೆಳಗಿನ ಮಾತು ಯಾರದು ಎಂದು ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

“ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ವಂತೆ,” ಅಂದಳು ಅವಳು. “ಆಯಮ್ಮನ ಕಾಲು ಕಂಡವ್ರಿಗೆ ನನ್ನ ತಮ್ಮ ಕಾಣ್ಲಿಲ್ವಾ? ಅವನು ಸಮಿತಿ ಮುಂದೆ ಮಾತಾಡೋ ದಿನ ಇವತ್ತು. ನೆನಪಾದ್ರೂ ಇತ್ತಾ?”

ನೆನಪಿತ್ತು. ಭಾಮೈದ ಈ ಅಂಗಡಿಯಲ್ಲೇ ಸೋಲ್ಡರಿಂಗ್ ಕಡ್ಡಿ ಹಿಡಿಯುವುದನ್ನು ಕಲಿತವನು. ಈಗ ಬೇರೆ ಅಂಗಡಿ ಮಾಡಿಕೊಂಡು, ರಿಪೇರಿಯವರ ಸಂಘಕ್ಕೆ ಕಾರ್ಯದರ್ಶಿಯಾಗಿ, ಈ ಕಾನೂನಿಗಾಗಿ ಚಪ್ಪಲಿ ಸವೆಸಿದ್ದ. ಆ ದಿನ ಮಧ್ಯಾಹ್ನ ಸಂಘದ ಪರವಾಗಿ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಎದುರುಗಡೆ ಕಂಪನಿಗಳ ವಕೀಲರು.

ಅಂಗಡಿಯ ಮುಂದೆ ಹೋಗುವವರೆಲ್ಲ ಅಂದು ಒಂದು ಮಾತು ಎಸೆದೇ ಹೋದರು. ಹೊಲಿಗೆಯಾಕೆ ಬಂದು ತನ್ನ ಇಸ್ತ್ರಿಪೆಟ್ಟಿಗೆ ವಾಪಸು ಕೇಳಿದಳು. “ನೀವೇ ಹೇಳಿದ್ದೀರಲ್ಲಣ್ಣ, ಹೊಸದೇ ತಗೋತೀನಿ” ಅಂದಳು. ಗೇಲಿಯಲ್ಲ, ನಿಜವಾಗಿಯೂ ಸಲಹೆ ಕೇಳಿದವಳ ಹಾಗೆ ಹೇಳಿದಳು. ಬಿಚ್ಚಿದ್ದನ್ನು ಜೋಡಿಸಿ ಕೊಡುವಾಗ ಅವನಿಗೆ ಕೈ ಓಡಲಿಲ್ಲ.

ಅವಳು ಹೋದ ಬೆನ್ನಿಗೇ ಭಾಮೈದ ಬಂದ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು, ಕಂಕುಳಲ್ಲಿ ಪತ್ರಿಕೆ.

“ಭಾವ, ಇದು ಆಯಮ್ಮನೇ ಹೊಸೆದು ಬರೆದಿರೋದು ತಾನೇ?”

ನಾಳೆಯಣ್ಣ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿದ.

“ನನಗೆ ಗೊತ್ತು, ನೀವು ಹೀಗೆ ಹೇಳೋರಲ್ಲ. ಕಂಪನಿಯವರ ಲಾಯರ್ ಇದನ್ನೇ ಎತ್ತಿ ಹಿಡೀತಾನೆ. ನೋಡಿ ಸ್ವಾಮಿ, ರಿಪೇರಿಯವನೇ ಬೇಡ ಅಂತಿದ್ದಾನೆ, ಇನ್ನು ಯಾರಿಗೋಸ್ಕರ ಕಾನೂನು ಅಂತಾನೆ. ಪತ್ರಿಕೆ ಆಫೀಸಿಗೆ ಫೋನ್ ಮಾಡಿದ್ದೀನಿ. ಆಯಮ್ಮ ಇಲ್ಲಿಗೇ ಬರ್ತಿದ್ದಾಳೆ. ನಿಮ್ಮ ಎದುರಿಗೆ, ನಾನೇ ಸುಳ್ಳು ಬರೆದೆ ಅಂತ ಒಪ್ಕೊಂಡು ಬರೆದು ಕೊಡ್ಲಿ. ಇಲ್ಲಾಂದ್ರೆ ಕೋರ್ಟಿಗೆ ಎಳೀತೀನಿ.”

“ಒಪ್ಕೊಂಡ್ರೆ ಅವಳ ಕೆಲಸ ಹೋಗಲ್ವೇನೋ?” ಎಂದು ಅಕ್ಕ ಕೇಳಿದಳು.

“ಹೋಗ್ಲಿ. ನಮ್ಮದು ಹೋಗ್ತಾ ಇಲ್ವಾ?”

ಪೇಪರ್ ಮೇಡಂ ಬಂದಳು. ನಿನ್ನೆಯದೇ ಸೀರೆಯೇನೋ ಅನ್ನಿಸುವಷ್ಟು ಮುದುಡಿದ್ದಳು. ಭಾಮೈದ ಕೂಗಾಡುವಷ್ಟು ಹೊತ್ತೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ನಡುವೆ ಒಂದು ಸಲ ನಾಳೆಯಣ್ಣನ ಕಡೆ ನೋಡಿದಳು, ಅವನು ಕಣ್ಣು ತಪ್ಪಿಸಿದ. ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು.

“ಆಯ್ತು, ಬರೆದು ಕೊಡ್ತೀನಿ,” ಅಂದಳು. “ನನ್ನದೇ ತಪ್ಪು ಅಂತ. ಪೆನ್ನಿದೆಯಾ?”

ಅವಳಿಗೆ ಜಗಳ ಬೇಕಿರಲಿಲ್ಲ, ನ್ಯಾಯವೂ ಬೇಕಿರಲಿಲ್ಲ. ಮನೆಗೆ ಹೋಗಿ ಕಾಲು ಚಾಚಿದರೆ ಸಾಕಿತ್ತು. ಆ ಆಯಾಸ ನಾಳೆಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅದು ತನ್ನದೇ. ಅವನು ಸುಮ್ಮನಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಸುಮ್ಮನಿರುವುದು ಅವನಿಗೆ ಕಷ್ಟದ ಕೆಲಸವೂ ಅಲ್ಲ. ಹೆಂಡತಿ ಪೆನ್ನು ತರಲು ಒಳಗೆ ಹೋದಳು.

“ಬೇಡ,” ಅಂದ ನಾಳೆಯಣ್ಣ. ಇನ್ನೊಮ್ಮೆ ಹೇಳಿದ. “ಬೇಡ ಮೇಡಂ.” ಆಮೇಲೆ ಭಾಮೈದನಿಗೆ, “ಮಾತು ನಂದೇ ಕಣೋ.”

“ಏನು ಭಾವ?”

“ಬೇಡ ಅಂತೀನಿ ಅಂದಿದ್ದು ದಾಕ್ಷಿಣ್ಯಕ್ಕೆ. ಆದ್ರೆ ಆ ಮಾತು ಅವರು ಬರೆದಿದ್ದಲ್ಲ. ಏನಾದ್ರೂ ಒಂದು ಹೇಳಿ ಅಂದ್ರು. ಕೈಯಲ್ಲಿ ರಿಪೇರಿಗೆ ಬಂದ ಒಂದು ಮಿಕ್ಸಿ ಇತ್ತು, ತಿರುಗಿಸಿ ನೋಡಿದ್ರೆ ಒಂದು ಸ್ಕ್ರೂ ಇಲ್ಲ. ಪೂರ್ತಿ ಅಂಟು. ಬ್ಲೇಡ್ ಹಾಕಿ ಸೀಳಬೇಕು, ಸೀಳಿದ್ಮೇಲೆ ಮುಚ್ಚಕ್ಕಾಗಲ್ಲ. ಎಷ್ಟು ದಿನದಿಂದ ಹಾಗೇ ಇಟ್ಕೊಂಡು ಕೂತಿದ್ದೀನಿ. ಬಾಯಿಂದ ಅದು ತಾನಾಗೇ ಬಂತು. ಹುಡುಕಲೂ ಇಲ್ಲ.”

“ಅಂದ್ರೆ ಈ ಕಾನೂನು ನಿಮಗೆ ನಿಜವಾಗ್ಲೂ ಬೇಡ್ವಾ?”

“ಬೇಕೋ ಬೇಡ್ವೋ ಗೊತ್ತಿಲ್ಲ ಕಣೋ. ಸಾಕಾಗಿದೆ. ಅಷ್ಟೇ.”

ಭಾಮೈದ ಪತ್ರಿಕೆಯನ್ನು ಮಡಿಸಿದ, ಮತ್ತೆ ಮಡಿಸಿದ, ಇನ್ನು ಮಡಿಸಲಾಗದಷ್ಟು ಚಿಕ್ಕದಾಗುವವರೆಗೂ ಮಡಿಸಿದ. “ನಿಮ್ಮ ಕಷ್ಟ ನೋಡ್ಕೊಂಡೇ ನಾನು ಈ ಓಡಾಟಕ್ಕೆ ಬಿದ್ದಿದ್ದು,” ಅಂದ. ದನಿಯಲ್ಲಿ ಸಿಟ್ಟು ಇಳಿದು ಹೋಗಿತ್ತು, ಅದು ಇನ್ನೂ ಕಷ್ಟವಾಗಿತ್ತು. “ಒಂದು ದಿನ ಹೇಳ್ಬಾರ್ದಿತ್ತಾ ಭಾವ?”

ಒಳಗಿನಿಂದ ಬಂದ ಹೆಂಡತಿ ಪೆನ್ನನ್ನು ಸೆರಗಿನ ಮರೆಗೆ ಮಾಡಿಕೊಂಡು ನಿಂತಳು.

“ಆ ಮಿಕ್ಸಿ ಎಲ್ಲಿ?” ಎಂದು ಭಾಮೈದ ಕೇಳಿದ.

“ಅದು ಟೈಪಿಸ್ಟ್ ಅಜ್ಜಿದು.”

“ಅವರ ಲಾಯರ್ ಪೇಪರ್ ಎತ್ತಿದ್ರೆ ನಾನು ಇದನ್ನ ಎತ್ತುತ್ತೀನಿ. ಇದನ್ನ ಬಿಚ್ಚಿ ತೋರಿಸಿ ಅಂತೀನಿ. ಅಜ್ಜಿಗೆ ನಾನೇ ವಾಪಸ್ ತಂದ್ಕೊಡ್ತೀನಿ.”

“ಯಾವಾಗ ಅನ್ಲಿ?”

“ನಾಳೆ,” ಅಂದವನು ನಾಲಿಗೆ ಕಚ್ಚಿಕೊಂಡ. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಅವನು ಮಿಕ್ಸಿಯ ಕೆಳಭಾಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬರ್ತೀನಿ ಎಂದು ಕೂಡ ಹೇಳದೆ ಇಳಿದು ಹೋದ. ಮಿಕ್ಸಿಯ ಜಾರ್ ಮಾತ್ರ ಮೇಜಿನ ಮೇಲೇ ಉಳಿಯಿತು.

ಪೇಪರ್ ಮೇಡಂ ಹೊರಡುವಾಗ ಹೆಂಡತಿ, ಮಾತು ಏನಾದರೂ ಇರಲಿ ಎಂದು, “ಇವತ್ತಿನ ಪ್ರಶ್ನೆ ಏನು?” ಎಂದು ಕೇಳಿದಳು.

“ಡ್ರೈವರ್ ಇಲ್ಲದ ಬಸ್ಸು ಬೇಕಾ ಬೇಡ್ವಾ ಅಂತ. ಇವತ್ತು ಎಲ್ಲಾರೂ ಬೇಡ ಅಂತಾರೆ. ಒಬ್ಬರಾದ್ರೂ ಬೇಕು ಅನ್ನೋರನ್ನ ಹುಡುಕಬೇಕು.” ನಾಳೆಯಣ್ಣನ ಕಡೆ ತಿರುಗಿ, “ನಿಮ್ಮನ್ನ ಕೇಳಲ್ಲ ಬಿಡಿ” ಅಂದಳು.

ಟೈಪಿಸ್ಟ್ ಅಜ್ಜಿ ಬಂದಾಗ ಬಿಸಿಲು ಮೆಟ್ಟಿಲಿನಿಂದ ಇಳಿದಿತ್ತು. ಯಾವುದೋ ಕಚೇರಿಯಲ್ಲಿ ಜೀವನವೆಲ್ಲ ಟೈಪು ಕುಟ್ಟಿದವಳು. ಈಗಲೂ ಕೂತಲ್ಲಿ ಬೆರಳುಗಳು ತೊಡೆಯ ಮೇಲೆ ಆಡುತ್ತಿರುತ್ತವೆ. ಬಾಯಲ್ಲಿ ಹಲ್ಲು ಒಂದೂ ಇಲ್ಲ. ಮಿಕ್ಸಿಯೇ ನನ್ನ ಹಲ್ಲು ಕಣಪ್ಪಾ ಎಂದು ಮೊದಲ ದಿನವೇ ಹೇಳಿದ್ದಳು.

“ನಾನು ಕೇಳಕ್ಕೇನೂ ಬಂದಿಲ್ಲ,” ಅಂದಳು. “ಈ ಕಡೆ ಬಂದಿದ್ದೆ, ಹಾಗೇ ನೋಡ್ಕೊಂಡು ಹೋಗೋಣ ಅಂತ.” ಅವಳು ಬಂದಾಗಲೆಲ್ಲ ಹೀಗೇ ಹೇಳುತ್ತಿದ್ದಳು.

ನಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಿಕ್ಸಿಯೇ ಅಲ್ಲಿರಲಿಲ್ಲ.

“ಅದು ಆಗಲ್ಲ ಅಮ್ಮ,” ಅಂದ. “ಅವತ್ತೇ ಗೊತ್ತಿತ್ತು. ಹೇಳಲಿಲ್ಲ.” ಆಮೇಲೆ ಅದು ಎಲ್ಲಿಗೆ ಹೋಗಿದೆ ಎಂಬುದನ್ನೂ ಹೇಳಿದ.

ಅಜ್ಜಿ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಸ್ಟೂಲಿನ ಮೇಲೆ ಕೂತಳು. “ಸರ್ಕಾರದವರು ನೋಡ್ತಾರಾ ಅದನ್ನ? ಒರೆಸಿ ಕಳಿಸಿದ್ಯಾ?” ಎಂದು ಕೇಳಿದಳು. ಮತ್ತೆ, “ಮೊದಲೇ ಹೇಳಿದ್ರೆ ಹೊಸದು ತಗೋತಿದ್ದೆನಲ್ಲಪ್ಪಾ. ಬೇರೆ ತಗೊಂಡ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ನಾನು ಸುಮ್ನಿದ್ದೆ. ಇಷ್ಟು ದಿನ ಬ್ರೆಡ್ಡನ್ನ ಹಾಲಲ್ಲಿ ನೆನೆಸ್ಕೊಂಡು ನುಂಗ್ತಿದ್ದೆ” ಅಂದಳು.

ನಾಳೆಯಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೆಳಿಗ್ಗೆಯಿಂದ ಬೀದಿಯವರ ಮಾತು ಕೇಳಿದ್ದ, ಭಾಮೈದನ ಮಾತು ಕೇಳಿದ್ದ, ಯಾವುದೂ ಇಷ್ಟು ನಾಟಿರಲಿಲ್ಲ. ಊರಿಗೆ ಉಪಕಾರಿ ಎಂದು ತನ್ನನ್ನು ತಾನೇ ಅಂದುಕೊಂಡಿದ್ದವನು ಒಬ್ಬ ಮುದುಕಿಯನ್ನು ಹಾಲು ಬ್ರೆಡ್ಡಿನ ಮೇಲೆ ಇಟ್ಟಿದ್ದ.

“ನನಗೆ ಇವುಗಳ ವಿಷಯ ತಿಳಿಯಲ್ಲ,” ಅಂದಳು ಅಜ್ಜಿ. “ನೀನೇ ಬಂದು ಒಂದು ಕೊಡಿಸು.”

ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಹಳೆಯ ಜಾರನ್ನು ಅಜ್ಜಿಯ ಕೈಗೆ ಕೊಟ್ಟು, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ದೊಡ್ಡ ಬೀದಿಯ ಅಂಗಡಿಗೆ ಹೋದ. ಒಳಗೆ ತಣ್ಣಗಿತ್ತು. ಗಾಜಿನ ಶೆಲ್ಫುಗಳ ಉದ್ದಕ್ಕೂ ಬಣ್ಣಬಣ್ಣದ ಮಿಕ್ಸಿಗಳು ನಿಂತಿದ್ದವು. ಮಾರಾಟದ ಹೆಂಗಸು ಅಜ್ಜಿಗೆ ಕುರ್ಚಿ ಹಾಕಿ, ಯಾವುದು ಎಷ್ಟು ನುಣ್ಣಗೆ ಅರೆಯುತ್ತದೆ ಎಂದು ಹೇಳತೊಡಗಿದಳು. ನಾಳೆಯಣ್ಣ ಮೊದಲನೆಯದನ್ನು ಎತ್ತಿ ತಲೆಕೆಳಗು ಮಾಡಿದ.

“ಸರ್, ಬಟನ್ ಇರೋದು ಮುಂದ್ಗಡೆ.”

ಅವನು ಕೇಳಿಸಿಕೊಳ್ಳಲಿಲ್ಲ. ಅಡಿಯನ್ನು ಬೆರಳಿನಿಂದ ಸವರಿದ. ರಬ್ಬರ್ ಕಾಲುಗಳ ಒಳಗೆ ಉಗುರು ತೂರಿಸಿ ನೋಡಿದ. ಸ್ಕ್ರೂ ಒಂದೂ ಇಲ್ಲ, ಎಲ್ಲ ಕಡೆ ನುಣುಪು, ಎಲ್ಲ ಕಡೆ ಅಂಟು. ಅದನ್ನು ಹಾಗೇ ಇಟ್ಟು ಪಕ್ಕದ್ದನ್ನು ಎತ್ತಿಕೊಂಡ, ಆಮೇಲೆ ಅದರ ಪಕ್ಕದ್ದನ್ನು.

“ಎಲ್ಲಾ ಒಂದೇ ಥರ ಕಾಣ್ತಾವಲ್ಲಪ್ಪಾ,” ಎಂದು ಅಜ್ಜಿ ಕುರ್ಚಿಯಿಂದ ಕೂಗಿದಳು. “ಕೆಟ್ರೆ ಇನ್ನೊಂದು ತಗೊಂಡ್ರಾಯ್ತು. ಪೇಪರಲ್ಲಿ ನೀನೇ ಹೇಳಿದ್ದೀಯಂತಲ್ಲ.”

“ಇರಿ ಅಮ್ಮ,” ಅಂದ ನಾಳೆಯಣ್ಣ, ತಿರುಗಿ ನೋಡದೆ. “ಇನ್ನೂ ಆ ಕಡೆ ಒಂದು ಸಾಲಿದೆ.”

ಅಜ್ಜಿ ಹಳೆಯ ಜಾರನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಅವನು ಬಗ್ಗಿ ಕೆಳಗಿನ ಶೆಲ್ಫಿಗೆ ಕೈ ಹಾಕಿದ. ಅವನ ಹಿಂದೆ, ಗಾಜಿನ ಉದ್ದಕ್ಕೂ, ಹೊಸ ಮಿಕ್ಸಿಗಳು ಕಾಲು ಮೇಲೆ ಮಾಡಿಕೊಂಡು ಮಲಗಿದ್ದವು.