ಮೂರು ಬತ್ತಿಯ ಪ್ರಶ್ನೆ

ಹುಣಸೂರಿನ ಜಬ್ಬಾರ್ ಮೇಷ್ಟ್ರಿಗೆ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೊಂದು ಹೆಸರಿತ್ತು: ಅಳಿಯ ಮೇಷ್ಟ್ರು. ಅದು ಹೆಣ್ಣು ಕೊಟ್ಟ ಊರಿನವರು ಇಟ್ಟ ಹೆಸರಲ್ಲ, ಓದುಗರು ಇಟ್ಟದ್ದು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಅವರು ಊರಿನ ವಾರಪತ್ರಿಕೆಯೊಂದಕ್ಕೆ ಅಂಕಣ ಬರೆಯಲು ಒಪ್ಪಿದ್ದರು. ವಿಜ್ಞಾನದ ಮೂಲತತ್ವಗಳು ಒಲೆಯ ಮುಂದೆ ಕೂತ ಹೆಂಗಸಿಗೂ, ಗದ್ದೆಯ ಬದುವಿನ ಮೇಲೆ ನಿಂತ ಗಂಡಸಿಗೂ ತಿಳಿಯಬೇಕು ಎಂಬುದು ಅವರ ಹಟ. ಮೊದಲ ಆರು ವಾರ ಅದನ್ನು ಒಬ್ಬರೂ ಓದಲಿಲ್ಲ. ಸಂಪಾದಕ ರೇಣುಕಾಪ್ರಸಾದ್ ಹಿಂದೊಮ್ಮೆ ಅವರದೇ ವಿದ್ಯಾರ್ಥಿ. ಅವನು ತಲೆ ಕೆರೆದುಕೊಂಡು, "ಸಾರ್, ಬೇಳೆ ಚೆನ್ನಾಗ್ ಬೆಂದೈತೆ, ಒಗ್ಗರಣೆ ಇಲ್ಲ" ಎಂದ.

ಏಳನೆಯ ವಾರ ಮೇಷ್ಟ್ರು ಒಗ್ಗರಣೆ ಹಾಕಿದರು.

ಪ್ರಯೋಗ ಹಳೆಯದು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಮಗುಚಿದ ಗಾಜಿನ ಲೋಟ. ಬತ್ತಿ ಆರುತ್ತದೆ, ತಟ್ಟೆಯ ನೀರು ಲೋಟದೊಳಕ್ಕೆ ಏರುತ್ತದೆ. ಮೇಷ್ಟ್ರು ಬರೆದರು: "ಜ್ವಾಲೆಯೆಂಬುದು ಹಬ್ಬಕ್ಕೆ ಬಂದ ಅಳಿಯ. ಲೋಟವೆಂಬ ಮನೆಯೊಳಗೆ ಐದು ಪಾಲು ಗಾಳಿಯಿದೆ, ಅದರಲ್ಲಿ ಒಂದು ಪಾಲು ಮಾತ್ರ ಅವನ ಬಾಯಿಗೆ ರುಚಿಸುವ ಆಮ್ಲಜನಕ. ಅದನ್ನು ಬಳಿದು ತಿಂದ, ಮಿಕ್ಕದ್ದನ್ನು ಮೂಸಿಯೂ ನೋಡದೆ ಮಲಗಿಬಿಟ್ಟ. ಪಾತ್ರೆ ಖಾಲಿಯಾದ ಸದ್ದು ಕೇಳಿ, ಏನಾಯಿತಪ್ಪಾ ಎಂದು ಇಣುಕಿದಳಲ್ಲ, ಆ ಅತ್ತೆಯೇ ನೀರು!"

ಊರು ನಕ್ಕಿತು. ಕೃಷ್ಣರಾಜನಗರದ ಬಸ್‌ ನಿಲ್ದಾಣದಲ್ಲಿ ಅಪರಿಚಿತರು ಕೈಹಿಡಿದು ಕುಲುಕಿದರು. ಹೆಗ್ಗಡದೇವನಕೋಟೆಯ ಕಚೇರಿಯೊಂದರ ಗುಮಾಸ್ತರು ಲೇಖನವನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು. ಶಾಲೆಗಳಿಂದ ಕರೆ ಬಂದವು. ಚೀಲದಲ್ಲಿ ತಟ್ಟೆ, ಲೋಟ, ಬತ್ತಿ ಇಟ್ಟುಕೊಂಡು ಮೇಷ್ಟ್ರು ಹಳ್ಳಿಯಿಂದ ಹಳ್ಳಿಗೆ ಹೋದರು. ನಗು ಎಂಬುದು ಸಕ್ಕರೆಯಂತೆ; ಮೊದಲು ಮದ್ದಿನ ಜೊತೆಗೆ ಕೊಡುತ್ತೇವೆ, ಆಮೇಲೆ ಮದ್ದನ್ನು ಮರೆಯುತ್ತೇವೆ. ಮೇಷ್ಟ್ರಿಗೆ ಆಗ ಇದು ತಿಳಿದಿರಲಿಲ್ಲ.

ರಾವಂದೂರು ಹೋಬಳಿಯ ಒಂದು ಹಳ್ಳಿಯ ಶಾಲೆಯಲ್ಲಿ ಮುನ್ನೂರು ಮಕ್ಕಳ ಮುಂದೆ ಅಳಿಯ ಮಲಗಿ, ಅತ್ತೆ ಇಣುಕಿ, ಚಪ್ಪಾಳೆ ಮುಗಿಯುವ ಹೊತ್ತಿಗೆ ಬಾಗಿಲ ಬಳಿ ಒಂದು ಕೈ ಮೇಲೆದ್ದಿತು. ಬಿಸಿಯೂಟ ಬೇಯಿಸುವ ಪುಟ್ಟಮಲ್ಲಮ್ಮ. ಕೈಯಲ್ಲಿ ಸೌಟು ಹಾಗೆಯೇ ಇತ್ತು.

"ಸಾ, ಒಂದ್ ಮಾತ್ ಕೇಳ್ಲಾ? ನಿಮ್ ಪೇಪರ್ ನೋಡಿ ನಾನೂ ಮನೇಲಿ ಮಾಡ್ದೆ. ಮೊಮ್ಮಗೀನ ಹುಟ್ಟಿದಬ್ಬದ ಸಣ್ ಬತ್ತಿ ಮಿಕ್ಕಿದ್ವು. ಒಂದ್ ಬತ್ತಿ ಇಟ್ರೆ ನೀರು ಒಂದ್ ಬೆಳ್ಳಷ್ಟು ಏರ್ತದೆ. ಮೂರ್ ಬತ್ತಿ ಇಟ್ರೆ ಎಲ್ಡ್ ಬೆಳ್ಳಷ್ಟು ಏರ್ತದೆ. ಲೋಟ ಅದೇ, ಒಳ್ಗಿರೋ ಗಾಳೀನೂ ಅಷ್ಟೇ. ಮೂರ್ ಜನ ಅಳಿಯಂದ್ರು ಬಂದ್ಬುಟ್ರೆ ಗಡಿಗೇಲಿರೋ ಅನ್ನ ಎಚ್ಚಾಗ್ತದಾ, ಸಾ?"

ಮೇಷ್ಟ್ರು ಲೋಟದೊಳಗಿನ ನೀರನ್ನು ಒಮ್ಮೆ ನೋಡಿದರು. ಆದರೆ ಮುನ್ನೂರು ಜೋಡಿ ಕಣ್ಣುಗಳು ನಗುವಿಗಾಗಿ ಕಾದಿದ್ದವು, ಅವರ ನಾಲಗೆ ಅಷ್ಟರಲ್ಲಿ ನಗಿಸುವುದಕ್ಕೆ ಪಳಗಿತ್ತು.

"ನಿಮ್ಮ ಲೋಟ ತೂತಿರಬೇಕಮ್ಮ," ಎಂದರು. "ಅಳಿಯನ ಅನ್ನದ ಚಿಂತೆ ನನಗಿರಲಿ. ಸಾರಿಗೆ ಉಪ್ಪು ಹಾಕಿದ್ದೀರೋ ಇಲ್ಲವೋ, ಹೋಗಿ ನೋಡಿ."

ಮಕ್ಕಳು ಬಿದ್ದು ಬಿದ್ದು ನಕ್ಕರು, ಉಪಾಧ್ಯಾಯರೂ ನಕ್ಕರು. ತೂತಿನ ಲೋಟದಲ್ಲಿ ನೀರು ಏರುವುದೇ ಇಲ್ಲವೆಂಬುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ, ಹೊಳೆಯಬೇಕಾಗಿದ್ದವರಿಗೂ ಹೊಳೆಯಲಿಲ್ಲ. ಪುಟ್ಟಮಲ್ಲಮ್ಮ ಸೌಟನ್ನು ಸೆರಗಿನ ಮರೆಗೆ ಎಳೆದುಕೊಂಡು ಒಳಗೆ ಹೋದಳು. ಅಂದಿನಿಂದ ಆ ಶಾಲೆಯಲ್ಲಿ ಅವಳ ಹೆಸರು ತೂತ್ ಲೋಟ.

ನಾಲ್ಕು ತಿಂಗಳ ನಂತರ ಅಂಕಣಗಳು ಪುಸ್ತಕವಾಗುವ ಕಾಲ ಬಂತು. ಹೆಸರು 'ಹಬ್ಬಕ್ಕೆ ಬಂದ ಅಳಿಯ'. ಎರಡು ಸಾವಿರ ಪ್ರತಿ, ನಾಲ್ಕೂ ತಾಲ್ಲೂಕಿನ ಶಾಲೆಗಳಿಗೆ. ರೇಣುಕಾಪ್ರಸಾದ್ ಕಳಿಸಿದ ಮುಖಪುಟದ ಕರಡಿನಲ್ಲಿ ಚಿತ್ರಕಾರ ಚೆಂದಕ್ಕೆಂದು ಲೋಟದೊಳಗೆ ಮೂರು ಬತ್ತಿ ಬರೆದಿದ್ದ. ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು. ಬಳಿಕ ಎದ್ದು ಅಡುಗೆಮನೆಗೆ ಹೋಗಿ ಹೆಂಡತಿ ಗುಲ್ಜಾರ್ ಬೀಯನ್ನು ಅಗಲವಾದ ಗಾಜಿನ ಲೋಟ ಕೇಳಿದರು.

ಒಂದು ಬತ್ತಿ. ಒಂದು ಬೆರಳು. ಮೂರು ಬತ್ತಿ. ಎರಡು ಬೆರಳು.

ಏಳು ಸಲ ಮಾಡಿದರು. ಮೂವತ್ತೊಂದು ವರ್ಷ ಮಕ್ಕಳಿಗೆ ತೋರಿಸಿದ್ದನ್ನು ಅಂದು ಮೊದಲ ಬಾರಿಗೆ ತಾವೇ ನೋಡಿದರು. ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚುಕಡಿಮೆ ಸುಮ್ಮನಿತ್ತು, ಆರಿದ ಮೇಲೆ ದಡದಡನೆ ಏರಿತು. ಅಳಿಯ ತಿಂದದ್ದರಿಂದಲೇ ಜಾಗ ಖಾಲಿಯಾಗುವುದಾದರೆ ಅವನು ಉಣ್ಣುತ್ತಿರುವಾಗಲೇ ನೀರು ಏರಬೇಕಿತ್ತಲ್ಲವೇ? ಅದೂ ಅಲ್ಲದೆ, ಲೋಟ ಮಗುಚಿದ ಮೊದಲ ಕ್ಷಣದಲ್ಲಿ ಅಂಚಿನಿಂದ ಗುಳ್ಳೆಗಳು ಹೊರಬರುತ್ತಿದ್ದವು.

ಗುಲ್ಜಾರ್ ಬೀ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. "ಇದರಲ್ಲೇನಿದೆ ಅಷ್ಟು ನೋಡೋದಕ್ಕೆ?" ಎಂದಳು ಮನೆಯ ಉರ್ದುವಿನಲ್ಲಿ. "ಬಿಸಿ ಡಬ್ಬಿಗೆ ಮುಚ್ಚಳ ಬಿಗಿದು ಇಟ್ಟರೆ ಆರಿದ ಮೇಲೆ ಕಚ್ಚಿಕೊಳ್ಳೋದಿಲ್ಲವೇ? ಹಾಗೇ."

ಹಾಗೇ. ಜ್ವಾಲೆ ಗಾಳಿಯನ್ನು ಕಾಯಿಸಿ ಹಿಗ್ಗಿಸುತ್ತದೆ. ಹಿಗ್ಗಿದ ಗಾಳಿಯಲ್ಲಿ ಕೊಂಚ ಹೊರಗೆ ತಪ್ಪಿಸಿಕೊಳ್ಳುತ್ತದೆ. ಬತ್ತಿ ಆರಿದಾಗ ಒಳಗುಳಿದದ್ದು ತಣಿದು ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ. ಬತ್ತಿ ಹೆಚ್ಚಾದಷ್ಟೂ ಕಾವು ಹೆಚ್ಚು, ನೀರು ಎತ್ತರ. ಬೆಂಕಿ ಆಮ್ಲಜನಕವನ್ನು ಪೂರ್ತಿ ತಿನ್ನುವುದೂ ಇಲ್ಲ, ತಿಂದದ್ದಕ್ಕೆ ಬದಲಾಗಿ ಬೇರೆ ಅನಿಲವನ್ನು ಬಿಟ್ಟೂ ಹೋಗುತ್ತದೆ. ಈ ಉತ್ತರ ಬರೆದ ಮಕ್ಕಳು ಯಾರಾದರೂ ಇದ್ದರೇ? ಇದ್ದಿದ್ದರೆ ಅವರ ಎರಡು ಅಂಕವನ್ನು ತಾವೇ ಕಳೆದಿರಬೇಕು.

ಬೆಳಿಗ್ಗೆ ಮುದ್ರಣಾಲಯಕ್ಕೆ ಹೋದರು.

"ಸಾರ್, ಒಳಗಿನ ಪುಟ ಎಲ್ಲಾ ಆಗ್ಲೇ ಅಚ್ಚಾಗಿ ಬೈಂಡಿಂಗ್‌ಗೆ ಓಗೈತೆ," ಎಂದ ರೇಣುಕಾಪ್ರಸಾದ್.

"ಒಂದು ತಿದ್ದೋಲೆ ಅಂಟಿಸು. ನಾನೇ ಬರೆದುಕೊಡುತ್ತೇನೆ."

"ಪುಸ್ತಕಕ್ಕೆ ಹೆಸರು ಕೊಟ್ಟಿರೋ ಲೇಖನಕ್ಕೇ ತಪ್ಪು ಅಂತ ಚೀಟಿ ಅಂಟಿಸಿದ್ರೆ ಯಾವ ಶಾಲೆಯೋರು ಸಾರ್ ಮುಟ್ತಾರೆ?"

"ಹಾಗಾದರೆ ಮಕ್ಕಳಿಗೆ ಸುಳ್ಳು ಹಂಚುವುದೇನಯ್ಯಾ?"

"ಸುಳ್ಳು ಅಂತ ಯಾಕಂತೀರಿ? ಸರಳ ಅನ್ನಿ." ಅವನು ನಕ್ಕ. "ನೀವೇ ಅಲ್ವಾ ನಂಗೂ ಇಂಗೇ ಹೇಳ್ಕೊಟ್ಟಿದ್ದು? ಬರ್ದು ಎರಡ್ ಮಾರ್ಕ್ಸ್ ತಗೊಂಡಿದ್ದೆ. ವಾಪಸ್ ಕೊಡ್ಲಾ?"

ಮೇಷ್ಟ್ರು ಮೇಜಿನ ಮೇಲಿದ್ದ ಮುಖಪುಟದ ಕರಡನ್ನು ಮಗುಚಿ ಇಟ್ಟರು.

"ಅಷ್ಟೊಂದು ಸಂಕಟ ಆದ್ರೆ ಬಿಡುಗಡೆ ದಿನ ಸ್ಟೇಜ್ ಮೇಲೆ ಹೇಳ್ಕಳಿ ಸಾರ್. ನಾನೇನ್ ಬ್ಯಾಡ ಅನ್ನಕಿಲ್ಲ," ಎಂದ ರೇಣುಕಾಪ್ರಸಾದ್.

ಬೀದಿಯಲ್ಲಿ ಮಾಡಿದ ತಪ್ಪಿಗೆ ಮನೆಯೊಳಗೆ ತೌಬಾ, ಪಶ್ಚಾತ್ತಾಪ, ಸಲ್ಲದು ಎಂದು ಮೇಷ್ಟ್ರ ತಂದೆ, ಮರಗೆಲಸದ ಉಸ್ತಾದರು, ಹೇಳುತ್ತಿದ್ದುದುಂಟು. ವೇದಿಕೆಯೇ ಸರಿ ಎಂದು ಅವರಿಗೂ ಅನ್ನಿಸಿತು.

ಕೃಷ್ಣರಾಜನಗರದ ಸಭಾಭವನ ತುಂಬಿತ್ತು. ನಾಲ್ಕೂ ತಾಲ್ಲೂಕಿನ ಉಪಾಧ್ಯಾಯರು, ಮಕ್ಕಳು, ಎತ್ತಿ ಹಿಡಿದ ಮೊಬೈಲುಗಳು. ಮೇಷ್ಟ್ರು ತಟ್ಟೆಯಲ್ಲಿ ಮೂರು ಬತ್ತಿ ಹಚ್ಚಿಟ್ಟು, ಲೋಟ ಕೈಯಲ್ಲಿ ಹಿಡಿದು ಹೇಳಿದರು: "ನಾನು ಮೂವತ್ತೊಂದು ವರ್ಷ ತಪ್ಪು ಕಲಿಸಿದೆ."

ಜನ ಗೊಳ್ಳೆಂದು ನಕ್ಕರು.

"ನಗಬೇಡಿ. ಅಳಿಯ ಏನನ್ನೂ ತಿಂದು ಖಾಲಿ ಮಾಡಲಿಲ್ಲ."

"ಮೂರ್ ಜನ ಅಳಿಯಂದ್ರಾ ಸಾರ್? ಅತ್ತೆ ಕತೆ ಮುಗೀತು ಬುಡಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಭವನ ಅದುರಿತು. ಮೇಷ್ಟ್ರು ಕೈಯೆತ್ತಿದರು. ಅದೂ ಅಭಿನಯವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಧ್ವನಿ ನಡುಗಿತು. ಆ ನಡುಕಕ್ಕೆ ಸಿಳ್ಳೆ ಬಿತ್ತು. ಕಾವು, ಹಿಗ್ಗುವುದು, ಕುಗ್ಗುವುದು ಎಂದು ಅವರು ವಿವರಿಸುತ್ತ ಹೋದಂತೆ ಸಭೆ ಮುಂದಿನ ನಗೆಮಾತು ಯಾವಾಗ ಬರುವುದೋ ಎಂದು ಬಾಯಿ ತೆರೆದು ಕಾದಿತ್ತು. ಕೊನೆಗೆ ಅವರು ಕೂಗಿದರು: "ಇದನ್ನು ಕಂಡುಹಿಡಿದದ್ದು ನಾನಲ್ಲ, ಪುಟ್ಟಮಲ್ಲಮ್ಮ! ರಾವಂದೂರು ಕಡೆಯ ಪುಟ್ಟಮಲ್ಲಮ್ಮ! ಅವಳ ಲೋಟ ತೂತಾಗಿರಲಿಲ್ಲ!"

"ಓಹೋ, ಅತ್ತೆ ಹೆಸರು ಪುಟ್ಟಮಲ್ಲಮ್ಮನಂತೆ ಕಣ್ರೋ!"

ಆಮೇಲೆ ಏನೂ ಕೇಳಿಸಲಿಲ್ಲ. ಸಭೆಯ ಅಧ್ಯಕ್ಷರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಮೇಷ್ಟ್ರಿಗೆ ಹಾರ ಹಾಕಿದರು. ಸಂಜೆಯ ವೇಳೆಗೆ ಅದರ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಜನರನ್ನು ನಗುವುದಕ್ಕೆಂದೇ ಪಳಗಿಸಿದವರು, ಒಂದು ದಿನ ತಾವು ಅತ್ತರೂ ಜನ ನಗುತ್ತಾರೆ ಎಂದು ದೂರುವ ಹಕ್ಕನ್ನು ಕಳೆದುಕೊಂಡಿರುತ್ತಾರೆ.

ಮರುದಿನವೇ ಮೇಷ್ಟ್ರು ಆ ಹಳ್ಳಿಗೆ ಬಸ್ಸು ಹತ್ತಿದರು. ಪುಟ್ಟಮಲ್ಲಮ್ಮ ಶಾಲೆಯ ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ತಾಯಿ, ನೀವು ಹೇಳಿದ್ದೇ ಸರಿ. ನಾನು ಮಾಡಿ ನೋಡಿದೆ."

"ಗೊತ್ತು ಸಾ."

"ನನ್ನಿಂದ ತಪ್ಪಾಯಿತು. ಕ್ಷಮಿಸಬೇಕು."

"ಆವತ್ತು ಮುನ್ನೂರ್ ಮಕ್ಳ ಮುಂದೆ ಅಂದ್ರಿ. ಇವತ್ತು ಒಲೆ ಮೂಲೇಲಿ ನಿಂತ್ಕಂಡು ಏಳ್ತಾ ಇದೀರಿ."

"ನಿನ್ನೆ ಸಭೆಯಲ್ಲಿ ಹೇಳಿದೆನಲ್ಲ..."

"ನೋಡ್ದೆ. ನಮ್ ಅಟ್ಟೀಲಿ ಎಲ್ಲಾರ್ ಮೊಬೈಲಲ್ಲೂ ಅದೇ. ಮೊದ್ಲು ಬರೀ ತೂತ್ ಲೋಟ ಅಂತಿದ್ರು. ಈಗ ಅಳಿಯನ ಅತ್ತೇನೂ ಆದೆ." ಚಾಕು ಒಂದು ಗಳಿಗೆ ನಿಂತಿತು. "ಬುಕ್ಕಲ್ಲಿ ಏನೈತೆ ಸಾ?"

ಮೇಷ್ಟ್ರು ಹೆಗಲ ಚೀಲವನ್ನು ಇಳಿಸಿ ಮತ್ತೆ ಏರಿಸಿಕೊಂಡರು.

"ಮೊದ್ಲಿಂದೇ ಐತಾ? ಅಂಗಾರೆ ನೀವ್ ಸತ್ತೋದ್ಮೇಲೂ ನಾನ್ ತೂತ್ ಲೋಟಾನೇ." ಅವಳು ಮತ್ತೆ ಹೆಚ್ಚತೊಡಗಿದಳು. "ಆಗ ದಿನಕ್ಕೊಂದ್ ಕೇಳ್ಬೇಕು ಅನ್ಸದು ಸಾ. ಆಲ್ಯಾಕ್ ಉಕ್ತದೆ, ನೀರ್ಯಾಕ್ ಉಕ್ಕಕಿಲ್ಲ, ಇಂತವೇ. ಈಗ ಬುಟ್ಬುಟ್ಟೆ. ನೀವ್ ಓಗಿ. ಮಕ್ಳು ಉಣ್ಣೋ ಹೊತ್ತಾಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದ ಮೇಷ್ಟ್ರು ಹೊರಬಂದು ಮುಖ್ಯೋಪಾಧ್ಯಾಯರ ಕೋಣೆಗೆ ಹೋದರು. ಆ ಶಾಲೆಯ ಪಾಲಿನ ಇಪ್ಪತ್ತೈದು ಪ್ರತಿಗಳು ಮೇಜಿನ ಮೇಲೆ ದಾರದ ಗಂಟು ಬಿಚ್ಚದೆ ಕೂತಿದ್ದವು. ಅವುಗಳನ್ನೂ ಒಂದು ಕೆಂಪು ಪೆನ್ನನ್ನೂ ಕೇಳಿ ಪಡೆದು ಜಗುಲಿಯ ಮೇಲೆ ಕುಳಿತರು. ಉತ್ತರಪತ್ರಿಕೆ ತಿದ್ದುವಾಗಿನ ಹಾಗೆಯೇ ಕಾಲು ಮಡಿಸಿ, ಕನ್ನಡಕ ಇಳಿಸಿ, ಒಂದೊಂದಾಗಿ ತೆರೆದು ಅಳಿಯನ ಮೇಲೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ಬರೆದರು: "ತಪ್ಪು. ಸರಿಯಾದ ಉತ್ತರ ಈ ಶಾಲೆಯ ಪುಟ್ಟಮಲ್ಲಮ್ಮನವರದು. ಅವರನ್ನೇ ಕೇಳಿ."

ಹದಿನೇಳನೆಯ ಪ್ರತಿಗೆ ಬಂದಾಗ ಗಂಟೆ ಹೊಡೆಯಿತು. ಮಿಕ್ಕ ಸಾವಿರದ ಒಂಬೈನೂರ ಎಪ್ಪತ್ತೈದು ಪ್ರತಿಗಳು ಅಷ್ಟರಲ್ಲಿ ಸಭೆಗೆ ಬಂದ ಉಪಾಧ್ಯಾಯರ ಚೀಲಗಳಲ್ಲಿ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಹುಣಸೂರು, ಕೃಷ್ಣರಾಜನಗರಗಳ ಶಾಲೆಗಳನ್ನು ಮುಟ್ಟಿದ್ದವು. ಮಕ್ಕಳು ತಟ್ಟೆ ಬಡಿಯುತ್ತ ಸಾಲುಗಟ್ಟಿದರು.

"ತೂತ್ ಲೋಟಮ್ಮ, ನಂಗೊಂದ್ ಸೌಟು!"

ಮೇಷ್ಟ್ರು ಪೆನ್ನು ಹಿಡಿದ ಕೈಯನ್ನು ಎತ್ತಿ "ಯಾರೋ ಅದು!" ಎಂದು ಗದರಿದರು. ಸಾಲು ತಿರುಗಿ ನೋಡಿತು, ಯಾರೆಂದು ಗುರುತು ಹಿಡಿಯಿತು, ಇಡೀ ಸಾಲು ಒಟ್ಟಿಗೇ ನಕ್ಕಿತು. ಪುಟ್ಟಮಲ್ಲಮ್ಮ ಮಾತ್ರ ನಗಲಿಲ್ಲ. ಚಾಚಿದ ತಟ್ಟೆಗೆ ಒಂದು ಸೌಟು ಸಾರು ಹುಯ್ದು, ಮುಂದಿನ ತಟ್ಟೆಯ ಕಡೆಗೆ ತಿರುಗಿದಳು.